ಹಳೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್: ಸ್ಟೇಜ್ ಈಗ ಹೇಳಿದ ಜಾಗಕ್ಕೆ ಹೋಗುತ್ತಿದೆ

ಸ್ಟೇಜ್ ಅಂದರೆ ಮೈಕ್ರೋಸ್ಕೋಪಿನೊಳಗೆ ಸ್ಯಾಂಪಲ್ ಕೂರಿಸಿ ಸರಿಸುವ ಪೀಠ. ಅದರ ಎಕ್ಸ್ ಮತ್ತು ವೈ ಎರಡೂ ದಿಕ್ಕು ಈಗ ಮೋಟರಿನಲ್ಲಿ ಓಡುತ್ತಿವೆ. 200 ಮೈಕ್ರಾನ್ (ಅಂದರೆ 0.2 ಮಿ.ಮೀ.) ಬಲಕ್ಕೆ ಹೋಗು ಅಂತ ಕಂಪ್ಯೂಟರಿನಿಂದ ಹೇಳಿದರೆ ಸ್ಯಾಂಪಲ್ ಅಷ್ಟೇ ದೂರ ಹೋಗಿ ನಿಲ್ಲುತ್ತದೆ. ತಪ್ಪಿದರೆ ಒಂದು, ಒಂದೂವರೆ ಮೈಕ್ರಾನ್ ಆಚೀಚೆ. ಕಳೆದ ಸಲ ಬರೆದಾಗ ಮೋಟರ್ ತಿರುಗುತ್ತಿತ್ತು, ಸ್ಟೇಜೂ ಸರಿಯುತ್ತಿತ್ತು. ಆದರೆ ಎಷ್ಟು ಸರಿಯಿತು ಅನ್ನುವುದಕ್ಕೆ ಲೆಕ್ಕ ಇರಲಿಲ್ಲ. ಈ ಸಲ ಬರೆಯುತ್ತಿರುವುದೆಲ್ಲ ಆ ಲೆಕ್ಕದ ಬಗ್ಗೆಯೇ.

ಹೊಸದಾಗಿ ಓದುವವರಿಗೆ ಎರಡು ಮಾತು. ಇದು ಒಂದು ಕಾಲೇಜು ಲ್ಯಾಬಿನವರು ಬೇಡ ಅಂತ ತೆಗೆದುಹಾಕಿದ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಎಲೆಕ್ಟ್ರಾನ್ ಕಿರಣವನ್ನು ಸ್ಯಾಂಪಲ್ ಮೇಲೆ ಸಾಲುಸಾಲಾಗಿ ಓಡಿಸಿ (ಇದೇ ಸ್ಕ್ಯಾನ್) ಚಿತ್ರ ಕಟ್ಟುತ್ತದೆ. ಈಗ ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿದೆ. ಟಂಗ್‌ಸ್ಟನ್ ಫಿಲಮೆಂಟು, ಒಳಗಿನ ಗಾಳಿ ತೆಗೆಯುವ ಡಿಫ್ಯೂಷನ್ ಪಂಪು, ಎಲ್ಲಾ ಹಳೆ ಕಾಲದ್ದು. ಚಿತ್ರ ಹಿಡಿಯುವ ಬೋರ್ಡ್ ಮಾತ್ರ ನಾನು ಕಟ್ಟಿದ್ದು. ಸ್ಟೇಜ್ ಚೇಂಬರಿನ ಬಾಗಿಲಿಗೇ ಜೋಡಿಸಿದೆ. ಬಾಗಿಲಿನ ಹೊರಗೆ ಮೈಕ್ರೋಮೀಟರ್ ಥರದ ನಾಬ್‌ಗಳಿವೆ, ಒಂದು ಸುತ್ತಿಗೆ ಅರ್ಧ ಮಿಲಿಮೀಟರ್. ಅವುಗಳಿಗೆ ಬೆಲ್ಟ್ ಹಾಕಿ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್ ಜೋಡಿಸಿದ್ದೇನೆ. ಮೋಟರ್ ಹೊರಗಡೆಯೇ ಇರಬೇಕು. ಒಳಗೆ ಗಾಳಿ ಇಲ್ಲ, ಹಾಗಾಗಿ ಮೋಟರಿನ ಬಿಸಿ ಹೊರಗೆ ಹೋಗುವುದಿಲ್ಲ. ಅದರ ಗ್ರೀಸು, ವಾರ್ನಿಶ್ ಆವಿಯಾಗಿ ವ್ಯಾಕ್ಯೂಮ್ ಕೆಡಿಸುತ್ತವೆ. ಮೇಲಾಗಿ ಮೋಟರಿನ ಅಯಸ್ಕಾಂತ ಎಲೆಕ್ಟ್ರಾನ್ ಕಿರಣವನ್ನೇ ಎಳೆಯುತ್ತದೆ.

ಕಾಗದದ ಮೇಲೆ ಲೆಕ್ಕ ಸುಲಭ. ಮೋಟರಿಗೆ ಸುತ್ತಿಗೆ 200 ಸ್ಟೆಪ್. ಮೋಟರಿನ ಪುಲ್ಲಿಗೆ 20 ಹಲ್ಲು, ನಾಬಿನ ಪುಲ್ಲಿಗೆ 60. ಅಲ್ಲಿಗೆ ನಾಬಿನ ಸ್ಕ್ರೂ ಒಂದು ಸುತ್ತು ಬರಲು 600 ಸ್ಟೆಪ್ ಬೇಕು. 500 ಮೈಕ್ರಾನನ್ನು 600ರಿಂದ ಭಾಗಿಸಿದರೆ ಸ್ಟೆಪ್ಪಿಗೆ 0.83 ಮೈಕ್ರಾನ್ ಬಂತು. ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡ್ ಒಂದೊಂದು ಸ್ಟೆಪ್ಪನ್ನೂ 16 ಚೂರು ಮಾಡುತ್ತದೆ. ಚೂರಿಗೆ 0.052 ಮೈಕ್ರಾನ್. ಕೇಳಲು ಚೆನ್ನಾಗಿದೆ. ಆದರೆ ಅದು ಮೋಟರಿನ ಅಂಕಿ. ನನಗೆ ಬೇಕಾಗಿದ್ದು ಸ್ಯಾಂಪಲ್ಲಿನ ಅಂಕಿ.

ಸಣ್ಣ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ಅಳೆದರೆ ಆಗಲ್ವಾ ಅಂತ ಶೆಡ್ಡಿಗೆ ಬಂದವರೆಲ್ಲ ಕೇಳುತ್ತಾರೆ. ಆಗುವುದಿಲ್ಲ. ಡಯಲ್ ಇಡಬೇಕಾದರೆ ಬಾಗಿಲು ತೆಗೆದಿರಬೇಕು. ಕೆಲಸ ಮಾಡುವಾಗ ಬಾಗಿಲು ಮುಚ್ಚಿ, ಒಳಗೆ ವ್ಯಾಕ್ಯೂಮ್ ಇರುತ್ತದೆ. ನನ್ನ ಬಾಗಿಲು ಹೆಚ್ಚುಕಮ್ಮಿ 20 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ. ಬೆಂಗಳೂರಿನ ಎತ್ತರದಲ್ಲಿ ಗಾಳಿ ಚದರ ಸೆಂಟಿಮೀಟರಿಗೆ 0.93 ಕೆ.ಜಿ.ಯಷ್ಟು ಒತ್ತುತ್ತದೆ. ಒಟ್ಟು 370 ಕೆ.ಜಿ. ಆಯಿತು. ಅಷ್ಟು ಭಾರ ಬಿದ್ದಾಗ ಬಾಗಿಲು ಒಂದಿಷ್ಟು ಬಾಗುತ್ತದೆ, ಅದರ ಜೊತೆ ಸ್ಟೇಜಿನ ಹಳಿಯೂ ಬಾಗುತ್ತದೆ.

ಇನ್ನೊಂದು ಕಾರಣವನ್ನು ಜರ್ಮನಿಯ ಯೇನಾದ ಭೌತವಿಜ್ಞಾನಿ ಅರ್ನ್ಸ್ಟ್ ಆಬೆ 1890ರಲ್ಲೇ ಹೇಳಿದ್ದರು. ಅಳೆಯುವ ಗೆರೆ ಮತ್ತು ಅಳೆಸಿಕೊಳ್ಳುವ ಗೆರೆ ಒಂದೇ ನೇರದಲ್ಲಿ ಇರಬೇಕು. ನನ್ನ ಸ್ಟೇಜಿನಲ್ಲಿ ಸ್ಕ್ರೂಗಿಂತ ಸ್ಯಾಂಪಲ್ 30 ಮಿ.ಮೀ. ಮೇಲಿದೆ. ಓಡುವಾಗ ಸ್ಟೇಜ್ ಡಿಗ್ರಿಯ ನೂರನೇ ಒಂದು ಪಾಲು ವಾಲಿದರೂ ಸಾಕು, ಮೇಲೆ ಸ್ಯಾಂಪಲ್ 5 ಮೈಕ್ರಾನ್ ಸರಿದಿರುತ್ತದೆ. ಕೆಳಗಿರುವ ಡಯಲ್ಲಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಕಿರಣ ಬೀಳುವ ಜಾಗದಲ್ಲೇ, ವ್ಯಾಕ್ಯೂಮ್ ಇರುವಾಗಲೇ, ಬರುವ ಚಿತ್ರದಿಂದಲೇ ಅಳೆಯಬೇಕು. ಈ ಒಂದು ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ.

ಚಿತ್ರದಿಂದ ಅಳೆಯಲು ಚಿತ್ರಕ್ಕೊಂದು ಅಳತೆಪಟ್ಟಿ ಬೇಕು. ಪ್ಯಾನೆಲ್ ಮೇಲಿನ 500 ಪಟ್ಟು ಅನ್ನುವ ಅಂಕಿ ಹಳೆ ಪೋಲರಾಯ್ಡ್ ಫೋಟೋದ ಅಗಲಕ್ಕೆ ಹೇಳಿದ್ದು, ನನ್ನ ಬೋರ್ಡಿನ ಪಿಕ್ಸೆಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಕಡಿಮೆ ಖರ್ಚಿನಲ್ಲಿ ಸಿಗುವುದು ಸಿಡಿ. ಅದರ ಸಾಲುಗಳ ನಡುವೆ 1.6 ಮೈಕ್ರಾನ್ ದೂರ ಇರುತ್ತದೆ. ಆದರೆ 0.1 ಮೈಕ್ರಾನ್ ಆಚೀಚೆ ಇದ್ದರೂ ಸಿಡಿ ಪಾಸಾಗುತ್ತದೆ, ಅಂದರೆ 6 ಪರ್ಸೆಂಟ್. ನೋಡಲು ಚೆಂದ, ಅಳತೆಗೆ ಸಾಲದು.

ಕೊನೆಗೆ ಆರಿಸಿಕೊಂಡಿದ್ದು 300 ಮೆಶ್ಶಿನ ತಾಮ್ರದ ಗ್ರಿಡ್. ಟ್ರಾನ್ಸ್‌ಮಿಷನ್ ಮೈಕ್ರೋಸ್ಕೋಪಿನಲ್ಲಿ ಸ್ಯಾಂಪಲ್ ಇಡುತ್ತಾರಲ್ಲ, 3 ಮಿ.ಮೀ. ಅಗಲದ ಚಿಕ್ಕ ಬಿಲ್ಲೆ, ಅದೇ. ಇಂಚಿಗೆ 300 ಕಣ್ಣು, ಹಾಗಾಗಿ ಕಣ್ಣಿಂದ ಕಣ್ಣಿಗೆ 84.7 ಮೈಕ್ರಾನ್ ಇರಬೇಕು. ತಯಾರಕರಿಂದ ತಯಾರಕರಿಗೆ ಇದು ಸ್ವಲ್ಪ ಬದಲಾಗುತ್ತದೆ, ಆದರೆ ಒಂದೇ ಗ್ರಿಡ್ಡಿನ ಒಳಗೆ ಸಾಲುಗಳು ಬಹಳ ಸಮನಾಗಿರುತ್ತವೆ. ಅದಕ್ಕೇ ಅದನ್ನು ಮೊದಲು ಮಾಮೂಲಿ ಬೆಳಕಿನ ಮೈಕ್ರೋಸ್ಕೋಪಿನಲ್ಲಿ, ಒಂದು ಮಿಲಿಮೀಟರನ್ನು 100 ಭಾಗ ಮಾಡಿದ ಗಾಜಿನ ಸ್ಕೇಲಿನ ಪಕ್ಕ ಅಳೆದೆ. ಹತ್ತು ಕಣ್ಣಿಗೆ 0.845 ಮಿ.ಮೀ. ಸಿಕ್ಕಿತು. ಕಣ್ಣಿಗೆ 84.5. ಇದರಲ್ಲಿ ಕಾಲು ಪರ್ಸೆಂಟ್ ಹೆಚ್ಚುಕಮ್ಮಿ ಇರಬಹುದು, ನನ್ನ ಕೆಲಸಕ್ಕೆ ಸಾಕು.

ಆ ಗ್ರಿಡ್ ಇಟ್ಟು 500 ಪಟ್ಟಿನಲ್ಲಿ ನೋಡಿದಾಗ ಅಡ್ಡಕ್ಕೆ ಪಿಕ್ಸೆಲ್ಲಿಗೆ 0.238 ಮೈಕ್ರಾನ್, ಉದ್ದಕ್ಕೆ 0.231 ಬಂತು. ಎರಡೂ ಒಂದೇ ಇರಬೇಕಿತ್ತು. ಹಳೆ ಅನಲಾಗ್ ಮಷೀನುಗಳಲ್ಲಿ ಎಕ್ಸ್ ಮತ್ತು ವೈ ಸ್ಕ್ಯಾನಿಗೆ ಬೇರೆ ಬೇರೆ ಆಂಪ್ಲಿಫೈಯರ್ ಇರುವುದರಿಂದ ಹೀಗಾಗುತ್ತದೆ. ಅದನ್ನು ತಿರುಚಿ ಸರಿ ಮಾಡಲು ಹೋಗಲಿಲ್ಲ. ಎರಡು ಅಂಕಿಯನ್ನೂ ಹಾಗೇ ಪ್ರೋಗ್ರಾಮಿನಲ್ಲಿ ಬರೆದೆ.

ಪಿಕ್ಸೆಲ್ ಅಳೆಯಲು ಗ್ರಿಡ್ ಒಳ್ಳೆಯದು, ಚಲನೆ ಅಳೆಯಲು ಒಳ್ಳೆಯದಲ್ಲ. ಎಲ್ಲಾ ಕಣ್ಣುಗಳೂ ಒಂದೇ ಥರ ಕಾಣುತ್ತವೆ. ಸ್ಟೇಜ್ ಅರ್ಧ ಕಣ್ಣಿಗಿಂತ ಜಾಸ್ತಿ ತಪ್ಪಿದರೆ ಪ್ರೋಗ್ರಾಮ್ ಪಕ್ಕದ ಕಣ್ಣನ್ನು ಹಿಡಿದು ಎಲ್ಲಾ ಸರಿ ಇದೆ ಅನ್ನುತ್ತದೆ. ಚಲನೆಗೆ ಎಲ್ಲೂ ಒಂದೇ ಥರ ಇಲ್ಲದ ಮೇಲ್ಮೈ ಬೇಕು. ಸ್ಯಾಂಪಲ್ ಅಂಟಿಸುವ ಅಲ್ಯುಮಿನಿಯಂ ಬಿಲ್ಲೆಯ (ಸ್ಟಬ್) ಮೇಲೆ ಸಿಲ್ವರ್ ಪೇಂಟ್ ಬಳಿದು ಒಣಗಿಸಿದೆ. ಬೆಳ್ಳಿಯ ಹಕ್ಕಳೆಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ಒಂದು ಜಾಗದಂತೆ ಇನ್ನೊಂದು ಇರುವುದಿಲ್ಲ. ಬೆಳ್ಳಿಯಲ್ಲಿ ಕರೆಂಟ್ ಹರಿಯುವುದರಿಂದ ಎಲೆಕ್ಟ್ರಾನ್ ಸೇರಿಕೊಂಡು ಚಾರ್ಜ್ ಆಗುವ ಕಾಟವೂ ಇಲ್ಲ. ಈ ಕೆಲಸ ಮಾಡುವವರಿಗೆ ಇದನ್ನೇ ಹೇಳುತ್ತೇನೆ, ದುಡ್ಡು ಕೊಟ್ಟು ಬೇರೆ ಏನೂ ತರಬೇಡಿ. ಸರಿಸುವ ಮುಂಚೆ ಒಂದು ಚಿತ್ರ, ಸರಿಸಿದ ಮೇಲೆ ಒಂದು ಚಿತ್ರ. ಎರಡನ್ನೂ ಪೈಥಾನಿನಲ್ಲಿ, ಓಪನ್‌ಸಿವಿ ಅನ್ನುವ ಚಿತ್ರದ ಲೈಬ್ರರಿಯ ಫೇಸ್ ಕೋರಿಲೇಶನ್ನಿಗೆ (ಎರಡು ಚಿತ್ರ ಹೋಲಿಸುವ ಲೆಕ್ಕ) ಕೊಟ್ಟರೆ ಎಷ್ಟು ಪಿಕ್ಸೆಲ್ ಸರಿದಿದೆ ಅಂತ ಪಿಕ್ಸೆಲ್ಲಿನ ಚೂರಿನವರೆಗೆ ಹೇಳುತ್ತದೆ. ಅಂಚುಗಳು ತಪ್ಪು ದಾರಿಗೆ ಎಳೆಯದಂತೆ ಮೊದಲು ಹ್ಯಾನಿಂಗ್ ವಿಂಡೋ ಹಾಕಿ ಅಂಚಿನ ಕಡೆ ಚಿತ್ರವನ್ನು ಮಂಕು ಮಾಡಬೇಕು, ಅಷ್ಟೇ.

ಎಕ್ಸ್ ಮೋಟರಿಗೆ 50 ಮೈಕ್ರಾನ್ ಹೇಳಿದೆ. ಚಿತ್ರ ಅಡ್ಡಕ್ಕೆ 207 ಪಿಕ್ಸೆಲ್, ಉದ್ದಕ್ಕೆ 26 ಪಿಕ್ಸೆಲ್ ಸರಿಯಿತು. ಮೈಕ್ರಾನಿಗೆ ತಿರುಗಿಸಿದರೆ 49.6, ದಿಕ್ಕು 7 ಡಿಗ್ರಿ ಓರೆ. ವೈಗೂ ಹೀಗೇ ಮಾಡಿದರೆ ಒಟ್ಟು ನಾಲ್ಕು ಅಂಕಿ ಸಿಗುತ್ತವೆ. ಈ 2×2 ಮ್ಯಾಟ್ರಿಕ್ಸ್ ಇದ್ದರೆ ಪರದೆಯ ಮೇಲೆ ಎಲ್ಲಿ ಕ್ಲಿಕ್ ಮಾಡಿದರೂ ಮೋಟರುಗಳು ಎಷ್ಟೆಷ್ಟು ತಿರುಗಬೇಕು ಅಂತ ಗೊತ್ತಾಗುತ್ತದೆ.

ಎಕ್ಸ್ ಮತ್ತು ವೈ ನಡುವೆ 90 ಡಿಗ್ರಿಗೆ ಒಂದು ಡಿಗ್ರಿಯಷ್ಟು ಕಮ್ಮಿ ಇತ್ತು. ಓರೆ ಇರುವುದು ಸ್ಟೇಜಿನಲ್ಲೋ ಸ್ಕ್ಯಾನಿನಲ್ಲೋ? ಗ್ರಿಡ್ ಇಟ್ಟು ಒಂದು ಚಿತ್ರ ತೆಗೆದು, ಗ್ರಿಡ್ಡನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು ತೆಗೆದೆ. ಗ್ರಿಡ್ಡೇ ಓರೆ ಇದ್ದರೆ ಓರೆಯೂ ಅದರ ಜೊತೆ ತಿರುಗಬೇಕಿತ್ತು. ಆದರೆ ಗ್ರಿಡ್ ತಿರುಗಿದರೂ ಚಿತ್ರದ ಓರೆ ಇದ್ದಂತೆಯೇ ಇತ್ತು. ಹಾಗಾಗಿ ಓರೆಯ ಬಹುಪಾಲು ಕಿರಣವನ್ನು ಓಡಿಸುವ ಸ್ಕ್ಯಾನ್ ಕಾಯಿಲಿನದು, ಉಳಿದ ಸ್ವಲ್ಪ ಮಾತ್ರ ಸ್ಟೇಜಿನದು.

ಮ್ಯಾಟ್ರಿಕ್ಸ್ ಒಂದು ಸಲ ಅಳೆದರೆ ಮುಗಿಯುವುದಿಲ್ಲ. ಅಯಸ್ಕಾಂತದ ಲೆನ್ಸ್ ಫೋಕಸ್ ಮಾಡುವುದರ ಜೊತೆ ಚಿತ್ರವನ್ನೂ ತಿರುಗಿಸುತ್ತದೆ. ಸ್ಯಾಂಪಲ್ ಕೆಳಗಿಳಿಸಿ ವರ್ಕಿಂಗ್ ಡಿಸ್ಟೆನ್ಸ್ (ಲೆನ್ಸಿನಿಂದ ಸ್ಯಾಂಪಲ್ಲಿಗೆ ಇರುವ ದೂರ) 10 ಮಿ.ಮೀ.ನಿಂದ 25 ಮಾಡಿದಾಗ ನನ್ನಲ್ಲಿ 14 ಡಿಗ್ರಿ ತಿರುಗಿತು. ಅದೇ ದೂರದಲ್ಲಿ ಕಿರಣದ ವೋಲ್ಟೇಜ್ ಮಾತ್ರ ಬದಲಿಸಿ ಮತ್ತೆ ಫೋಕಸ್ ಮಾಡಿದರೆ ತಿರುಗುವುದಿಲ್ಲ, ಯಾಕೆಂದರೆ ಲೆನ್ಸಿನ ಕರೆಂಟೂ ಅದಕ್ಕೆ ತಕ್ಕಂತೆ ಬದಲಾಗಿರುತ್ತದೆ. ಹಾಗಾಗಿ ಮ್ಯಾಟ್ರಿಕ್ಸ್‌ಗಳ ಟೇಬಲ್ಲಿನಲ್ಲಿ ದೂರಕ್ಕೊಂದು ಸಾಲು ಇಟ್ಟಿದ್ದೇನೆ, ವೋಲ್ಟೇಜಿಗೆ ಇಟ್ಟಿಲ್ಲ.

ಇಷ್ಟೆಲ್ಲಾ ಒಂದೇ ದಿಕ್ಕಿನಲ್ಲಿ ಹೋಗುವಾಗಿನ ಮಾತು. ದಿಕ್ಕು ಬದಲಿಸಿದ ಕೂಡಲೇ ಸ್ಕ್ರೂವಿನ ಪ್ಲೇ ಎದುರಾಗುತ್ತದೆ. ಸಡಿಲವಾದ ನಲ್ಲಿಯ ಹಿಡಿಯಂತೆ ಮೊದಲ ಸ್ವಲ್ಪ ದೂರ ನಾಬ್ ಮಾತ್ರ ತಿರುಗುತ್ತದೆ, ಸ್ಟೇಜ್ ಅಲ್ಲೇ ಇರುತ್ತದೆ. ಎಕ್ಸ್‌ನಲ್ಲಿ 11 ಮೈಕ್ರಾನ್, ವೈನಲ್ಲಿ 19. ದಿಕ್ಕು ಬದಲಾದಾಗ ಅಷ್ಟು ಸೇರಿಸಿಬಿಡು ಅಂತ ಪ್ರೋಗ್ರಾಮಿಗೆ ಹೇಳುವುದು ಸುಲಭದ ದಾರಿ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೇತ್, ಮಿಲ್ಲಿಂಗ್) ಮಾಡುವವರು ಮಾಡುತ್ತಾರೆ. ನಾನು ಬೇಡ ಅಂದುಕೊಂಡೆ. ಈ 19 ಅನ್ನುವುದು ಸ್ಥಿರವಾದ ಅಂಕಿ ಅಲ್ಲ. ಸ್ಕ್ರೂವಿನ ನಡುಭಾಗ ಹೆಚ್ಚು ಸವೆದಿದೆ, ಅಲ್ಲಿ ಜಾಸ್ತಿ. ಟಿಲ್ಟ್ ಮಾಡಿದಾಗ, ಅಂದರೆ ಸ್ಟೇಜನ್ನು ವಾಲಿಸಿದಾಗ, ಅದರ ಭಾರ ಒಂದು ಕಡೆ ಒರಗುತ್ತದೆ, ಆಗ ಕಮ್ಮಿ. ಅದರ ಬದಲು ಯಾವಾಗಲೂ ಎಡಗಡೆಯಿಂದಲೇ ಬಂದು ನಿಲ್ಲಿಸುತ್ತೇನೆ. ಬಲದಿಂದ ಬರಬೇಕಾದರೆ 40 ಮೈಕ್ರಾನ್ ದಾಟಿ ಹೋಗಿ ತಿರುಗಿ ಬರಬೇಕು. ಒಂದೆರಡು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಆದರೆ ಪ್ಲೇ ಎಷ್ಟಿದೆ ಅಂತ ತಿಳಿಯುವ ಅಗತ್ಯವೇ ಉಳಿಯುವುದಿಲ್ಲ.

ಆಮೇಲೆ ಸ್ಕ್ರೂವಿನ ಅಲೆ. 20 ಮೈಕ್ರಾನಿಗೊಂದು ಚಿತ್ರದಂತೆ 2 ಮಿ.ಮೀ. ದೂರ ಹೋಗಿ, ಹೇಳಿದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ಗ್ರಾಫ್ ಮಾಡಿದೆ. ನೇರ ಗೆರೆ ಬರಲಿಲ್ಲ. 500 ಮೈಕ್ರಾನಿಗೊಮ್ಮೆ ಏಳುವ, ಬೀಳುವ ದೊಡ್ಡ ಅಲೆ ಬಂತು, ಮೇಲಕ್ಕೂ ಕೆಳಕ್ಕೂ ಎರಡೂವರೆ ಮೈಕ್ರಾನ್. 50 ಕೇಳಿದಾಗ 49.6 ಬಂದದ್ದು ಇದರಿಂದಲೇ. ಅದು ಸ್ಕ್ರೂವಿನ ತುದಿ ಬೇರಿಂಗ್ ಮೇಲೆ ಸರಿಯಾಗಿ ಕೂರದೆ ಸುತ್ತಿಗೊಮ್ಮೆ ಹಿಂದೆ ಮುಂದೆ ಆಗುವುದರದ್ದು.

ಅದರ ಮೇಲೆ ಇನ್ನೊಂದು ಚಿಕ್ಕ ಅಲೆ ಇತ್ತು, 167 ಮೈಕ್ರಾನಿಗೊಮ್ಮೆ, 0.7 ಮೈಕ್ರಾನ್ ಎತ್ತರ. 167 ಅಂದರೆ 500ರ ಮೂರನೇ ಒಂದು. ಸ್ಕ್ರೂ ಒಂದು ಸುತ್ತು ಬರುವಾಗ ಮೂರು ಸುತ್ತು ಬರುವುದು ಮೋಟರಿನ ಚಿಕ್ಕ ಪುಲ್ಲಿ ಮಾತ್ರ! ಅದರ ತೂತು ನಡುವಿನಲ್ಲಿಲ್ಲ ಅಂತಾಯಿತು. ಎಷ್ಟು ಸರಿದಿರಬೇಕು ಅಂತ ಲೆಕ್ಕ ಹಾಕಿದರೆ 0.17 ಮಿ.ಮೀ. ಬಂತು. ಪುಲ್ಲಿ ಬಿಚ್ಚಿ ಅದಕ್ಕೆ ಡಯಲ್ ಗೇಜ್ ಇಟ್ಟು ನೋಡಿದಾಗ 0.15 ಸರಿದಿತ್ತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಗಳಿಗೆ ಇದು. ವ್ಯಾಕ್ಯೂಮಿನ ಒಳಗಿನ ಬೆಳ್ಳಿಯ ಹಕ್ಕಳೆ ನೋಡಿ, ಹೊರಗಿನ ಪುಲ್ಲಿಯ ತೂತಿನ ಅಳತೆ ಹೇಳಲು ಸಾಧ್ಯವಾಯಿತಲ್ವಾ! ಪಕ್ಕದ ರಸ್ತೆಯ ಲೇತಿನಲ್ಲಿ ಹೊಸ ಪುಲ್ಲಿಗೆ ನಡುವಿನಲ್ಲೇ ತೂತು ಹಾಕಿಸಿದೆ, ಚಿಕ್ಕ ಅಲೆ ಹೋಯಿತು.

ದೊಡ್ಡ ಅಲೆ ಹಾಗೆ ಹೋಗುವಂಥದ್ದಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಭೌತವಿಜ್ಞಾನಿ ಹೆನ್ರಿ ರೋಲಂಡ್ 1882ರಲ್ಲಿ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಒತ್ತೊತ್ತಾಗಿ ಗೆರೆ ಗೀರಿದ ಫಲಕ) ಗೀರುವ ಯಂತ್ರ ಕಟ್ಟಿದಾಗ ಅವರ ದೊಡ್ಡ ಕೆಲಸವೂ ಈ ಅಲೆ ಇಲ್ಲದ ಸ್ಕ್ರೂ ಮಾಡುವುದೇ ಆಗಿತ್ತು. ಸ್ಕ್ರೂವಿನ ಅಲೆಯಿಂದ ಸ್ಪೆಕ್ಟ್ರಮ್ಮಿನಲ್ಲಿ ಮೂಡುವ ಸುಳ್ಳು ಗೆರೆಗಳನ್ನು ಇಂದಿಗೂ ರೋಲಂಡ್ ಘೋಸ್ಟ್ ಅನ್ನುತ್ತಾರೆ. ಅಂಥ ಸ್ಕ್ರೂ ಮಾಡುವ ಶಕ್ತಿ ನನಗಿಲ್ಲ, ಆದರೆ ಕಂಪ್ಯೂಟರ್ ಇದೆ. ಅಲೆ ಪ್ರತಿ ಸುತ್ತಿನಲ್ಲೂ ಒಂದೇ ಥರ ಬರುತ್ತದೆ. ಹಾಗಾಗಿ ಸ್ಕ್ರೂ ಯಾವ ಕೋನದಲ್ಲಿದೆ ಅಂತ ಗೊತ್ತಿದ್ದರೆ ಕಳೆಯಬಹುದು. ದೊಡ್ಡ ಪುಲ್ಲಿಗೆ ಒಂದು ಸೀಳು ಮಾಡಿ, ಹಳೆ ಪ್ರಿಂಟರಿನಿಂದ ತೆಗೆದ ಬೆಳಕಿನ ಸೆನ್ಸರ್ ಕೂರಿಸಿದೆ. ಪವರ್ ಹಾಕಿದಾಗ ಅದು ಸೀಳು ಹುಡುಕುತ್ತದೆ, ಅಲ್ಲಿಂದ ಅಲೆಯ ಟೇಬಲ್ ನೋಡಿಕೊಂಡು ಓಡುತ್ತದೆ. ಈಗ ಉಳಿದಿರುವ ಅಲೆ ಅರ್ಧ ಮೈಕ್ರಾನ್.

ಮೋಟರಿನ ಅಯಸ್ಕಾಂತದ ಕಾಟ ಹೊರಗಿಟ್ಟರೂ ಪೂರ್ತಿ ತಪ್ಪಲಿಲ್ಲ. ಮೋಟರಿಗೆ ಕರೆಂಟ್ ಕೊಟ್ಟರೆ, ಏನೂ ತಿರುಗದಿದ್ದರೂ ಚಿತ್ರ 2 ಮೈಕ್ರಾನ್ ನೆಗೆಯುತ್ತದೆ. ಹಾಗಂತ ಕರೆಂಟ್ ತೆಗೆದರೆ, ಸ್ಟೆಪ್ಪಿನ ನಡುವೆ ನಿಂತಿದ್ದ ಮೋಟರ್ ತನ್ನ ಸಹಜ ಜಾಗಕ್ಕೆ ಜಾರುತ್ತದೆ. ಆ ಸಹಜ ಜಾಗಗಳು ಸುತ್ತಿಗೆ 200. ಅಲ್ಲೇ ನಿಲ್ಲಿಸಿ ಕರೆಂಟ್ ತೆಗೆದರೆ ಎರಡೂ ತೊಂದರೆ ಇಲ್ಲ. ಅಲ್ಲಿಗೆ ಸ್ಟೇಜ್ ನಿಲ್ಲಬಹುದಾದ ಜಾಗಗಳ ನಡುವೆ 0.83 ಮೈಕ್ರಾನ್ ಇರುತ್ತದೆ. 16 ಚೂರಿನಿಂದ ಓಟ ನುಣುಪಾಗುತ್ತದೆ, ಅಷ್ಟೇ. ಅದಕ್ಕಿಂತ ಸಣ್ಣದು ಬೇಕಾದಾಗ ಸ್ಟೇಜ್ ಮುಟ್ಟದೆ ಬೀಮ್ ಶಿಫ್ಟ್ ಕಾಯಿಲಿನಿಂದ ಕಿರಣವನ್ನೇ ಸರಿಸುತ್ತೇನೆ.

ನಿಂತ ಮೇಲೂ ಸ್ಟೇಜ್ ಸ್ವಲ್ಪ ಹೊತ್ತು ತೆವಳುತ್ತದೆ. ಗಾಳಿ ಒಳಗೆ ಬಾರದಂತೆ ತಡೆಯುವ ಶಾಫ್ಟಿನ ರಬ್ಬರ್ ಓ-ರಿಂಗ್ ತಿರುಚಿಕೊಂಡಿದ್ದು ನಿಧಾನಕ್ಕೆ ಬಿಡುತ್ತದೆ. ಹತ್ತು ಸೆಕೆಂಡ್ ಕಾದು ಆಮೇಲೆ ಚಿತ್ರ ತೆಗೆದರೆ ಸಾಕು.

ಪರೀಕ್ಷೆಗೆ ಸೊಳ್ಳೆಯ ರೆಕ್ಕೆ ಇಟ್ಟೆ. 3 ಮಿ.ಮೀ. ಉದ್ದ, ಅಂಚಿನುದ್ದಕ್ಕೂ ಗರಿಯಂಥ ಹುರುಪೆಗಳು. 500 ಪಟ್ಟಿನಲ್ಲಿ ಒಂದು ಚಿತ್ರಕ್ಕೆ 244 ಮೈಕ್ರಾನ್ ಅಗಲ ಮಾತ್ರ ಸಿಗುವುದರಿಂದ ತುಂಡು ತುಂಡಾಗಿ ತೆಗೆದು ಹೊಲಿಯಬೇಕು. ಮೊದಲು ಸ್ಟೇಜಿನ ಮೇಲೆ ನಂಬಿಕೆ ಇಲ್ಲದೆ ಪಕ್ಕದ ಚಿತ್ರಗಳ ನಡುವೆ 40 ಪರ್ಸೆಂಟ್ ಒಂದರ ಮೇಲೊಂದು ಬರುವಂತೆ ತೆಗೆಯುತ್ತಿದ್ದೆ. ಈಗ 12 ಸಾಕು. ಸುಮಾರು 150 ಚಿತ್ರ ಬೇಕಿದ್ದಲ್ಲಿ 70 ಆಯಿತು. ಸಮಯ ಉಳಿಯುವುದು ಒಂದು ಕಡೆ. ಕಿರಣ ಎರಡು ಸಲ ಬಿದ್ದ ಕಡೆ ಕಾರ್ಬನ್ ಕೂತು ಕಪ್ಪು ಪಟ್ಟಿ ಬೀಳುತ್ತದೆ, ಆ ಪಟ್ಟಿಗಳೂ ಈಗ ತೆಳ್ಳಗಾಗಿವೆ. ರೆಕ್ಕೆಯ ನರಗಳು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಎಲ್ಲೂ ಮುರಿಯದೆ ಸೇರಿಕೊಂಡಿವೆ.

ಇನ್ನು ಝೆಡ್, ಅಂದರೆ ಎತ್ತರದ ದಿಕ್ಕು, ಬಾಕಿ ಇದೆ. ಟಿಲ್ಟ್ ಮಾಡಿದಾಗ ಸ್ಯಾಂಪಲ್ ಚಿತ್ರದಿಂದ ಓಡಿಹೋಗಬಾರದು ಅಂದರೆ ಅದರ ಮೇಲ್ಮೈ ಟಿಲ್ಟಿನ ಅಕ್ಷದ ಎತ್ತರಕ್ಕೇ ಇರಬೇಕು. ಅದನ್ನೂ ಚಿತ್ರದಿಂದಲೇ ಹುಡುಕಬಹುದು. 5 ಡಿಗ್ರಿ ವಾಲಿಸಿದಾಗ ಚಿತ್ರ 10 ಮೈಕ್ರಾನ್ ಸರಿದರೆ, ಎತ್ತರ 115 ಮೈಕ್ರಾನ್ ತಪ್ಪಿದೆ ಅಂತ ಅರ್ಥ. ಪ್ರೋಗ್ರಾಮ್ ಬರೆದಾಗಿದೆ, ಮೋಟರೂ ಇದೆ. ಝೆಡ್ ಶಾಫ್ಟ್ ಮಾತ್ರ ಕಾಲಿಂಚಿನದು, ಎಸ್.ಪಿ. ರೋಡಿನಿಂದ ತಂದ ಪುಲ್ಲಿಯ ತೂತು 5 ಮಿ.ಮೀ.ನದು. ಲೇತಿನವರಿಗೆ ಕೊಟ್ಟಿದ್ದೇನೆ. ತೂತು ನಡುವಿನಲ್ಲೇ ಬರುವಂತೆ ಡಯಲ್ ಇಟ್ಟು ನೋಡಿ ಕೊರೆಯಿರಿ ಅಂತ ಈ ಸಲ ಮೊದಲೇ ಹೇಳಿದ್ದೇನೆ.