ಮೂರು ಫೋನು, ಒಂದು ಕಾರು, ಸಾವನದುರ್ಗದ ದಾರಿ

ಬೆಂಗಳೂರಿನಿಂದ ಸಾವನದುರ್ಗಕ್ಕೆ ಹೊರಡುವವರಿಗೆ ಮೊದಲೇ ಒಂದು ಮಾತು. ಮ್ಯಾಪ್ ಆಪ್‌ನಲ್ಲಿ ಬೆಟ್ಟದ ಹೆಸರು ಹಾಕಬೇಡಿ. ಬುಡದಲ್ಲಿರುವ ವೀರಭದ್ರಸ್ವಾಮಿ ದೇವಸ್ಥಾನದ್ದೋ ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನದ್ದೋ ಹೆಸರು ಹಾಕಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇದು ಗೊತ್ತಿಲ್ಲದೆ ನಾವು ಭಾನುವಾರದ ಅರ್ಧ ಬೆಳಗ್ಗೆ ಕಳೆದುಕೊಂಡೆವು. ಕಾರಿನ ಅಡಿಗೆ ಉದ್ದಕ್ಕೆ ಒಂದು ಗೀರೂ ಬಿತ್ತು.

ಶಿವಮೊಗ್ಗದಿಂದ ಅಕ್ಕ, ಭಾವ, ಅವರ ಮಗಳು ಒಂದು ಮದುವೆಗೆಂದು ಬಂದಿದ್ದರು. ಕಾರು ನನ್ನದು, ಡ್ರೈವಿಂಗೂ ನನ್ನದೇ. ಮೂರು ಫೋನಿನಲ್ಲಿ ಮೂರು ಬೇರೆ ಬೇರೆ ಆಪ್. ಯಾವುದು ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಇವತ್ತು ಒಂದು ಮಾಡಿದ ತಪ್ಪನ್ನು ನಾಳೆ ಬೇರೆ ರಸ್ತೆಯಲ್ಲಿ ಇನ್ನೊಂದು ಮಾಡುತ್ತದೆ. ಹಾಗಾಗಿ ನನ್ನದು, ಭಾವನದು, ಹುಡುಗಿಯದು ಅಂತಲೇ ಇಟ್ಟುಕೊಳ್ಳೋಣ. ಹುಡುಗಿಯದು ಮಾತ್ರ ಇಂಟರ್ನೆಟ್ ಇಲ್ಲದೆ ಓಡುವ ಜಾತಿಯದು. ನಕ್ಷೆಯನ್ನೆಲ್ಲ ಮೊದಲೇ ಫೋನಿಗೆ ಇಳಿಸಿಕೊಂಡಿದ್ದಳು. ಅದನ್ನು ನೋಡಿ ನಾವಿಬ್ಬರೂ ನಕ್ಕಿದ್ದೆವು.

ಎಡವಟ್ಟು ಶನಿವಾರ ರೈಲ್ವೆ ಸ್ಟೇಷನ್‌ನಲ್ಲೇ ಶುರುವಾಯಿತು. ಬೆಂಗಳೂರು ಸಿಟಿ ಸ್ಟೇಷನ್‌ಗೆ, ಅಂದರೆ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ, ಎರಡು ಬಾಗಿಲು. ಒಂದು ಮೆಜೆಸ್ಟಿಕ್ ಕಡೆ, ಇನ್ನೊಂದು ಹಿಂದೆ ಓಕಳೀಪುರದ ಕಡೆ. ಭಾವ ಲೊಕೇಶನ್ ಕಳಿಸಿದರು. ತೆರೆದು ನೋಡಿದರೆ ಪಿನ್ ರೈಲು ಹಳಿಗಳ ಮಧ್ಯೆ ಬಿದ್ದಿದೆ. ನನ್ನ ಆಪ್ ಮುಂದಿನ ಬಾಗಿಲಿಗೆ ಕರೆದುಕೊಂಡು ಹೋಯಿತು. ಅವರು ನಿಂತಿದ್ದು ಹಿಂದಿನ ಬಾಗಿಲಲ್ಲಿ. ಒನ್‌ವೇಗಳನ್ನೆಲ್ಲ ಸುತ್ತಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು, ಭಾವ ಎರಡನೇ ಕಾಫಿ ಮುಗಿಸಿದ್ದರು. ಸ್ಟೇಷನ್‌ಗೆ ಯಾರನ್ನಾದರೂ ಕರೆತರಲು ಹೋದರೆ ಲೊಕೇಶನ್ ಕೇಳಬೇಡಿ. 'ಮೆಜೆಸ್ಟಿಕ್ ಕಡೆಯೋ, ಹಿಂದಿನ ಕಡೆಯೋ' ಅಂತ ಫೋನ್ ಮಾಡಿ ಕೇಳಿ.

ಮದುವೆ ಎಚ್‌ಎಸ್‌ಆರ್ ಲೇಔಟ್ ಕಡೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಕೆಳಗೆ ರಸ್ತೆ, ಮಧ್ಯೆ ಫ್ಲೈಓವರ್, ಎಲ್ಲಕ್ಕಿಂತ ಮೇಲೆ ಮೆಟ್ರೊ. ನಾವು ಕೆಳಗಿದ್ದೇವೋ ಮೇಲಿದ್ದೇವೋ ಅಂತ ಭಾವನ ಆಪ್‌ಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಫ್ಲೈಓವರ್ ಮೇಲೆ ಹೋಗುತ್ತಿದ್ದರೆ 'ಬಲಕ್ಕೆ ತಿರುಗಿ' ಅನ್ನುತ್ತಿತ್ತು. ಬಲಕ್ಕೆ ತಡೆಗೋಡೆ. ಜಿಪಿಎಸ್‌ಗೆ ಎಡ-ಬಲ ಗೊತ್ತಾಗುವಷ್ಟು ಚೆನ್ನಾಗಿ ಎತ್ತರ ಗೊತ್ತಾಗುವುದಿಲ್ಲ. ಒಂದರ ಮೇಲೊಂದು ರಸ್ತೆ ಇದ್ದರೆ ಆಪ್ ಸುಮ್ನೆ ಊಹೆ ಮಾಡಬೇಕಾಗುತ್ತದೆ. 2024ರಲ್ಲಿ ಗೂಗಲ್ ಮ್ಯಾಪ್ಸ್ ನಮ್ಮ ದೇಶದ 40 ನಗರಗಳಲ್ಲಿ 'ಮುಂದೆ ಫ್ಲೈಓವರ್ ಇದೆ, ಹತ್ತಿ' ಎಂದು ಮೊದಲೇ ಹೇಳುವ ಸೌಲಭ್ಯ ತಂದಿತು. ಹತ್ತುವ ಮೊದಲು ಅದು ಉಪಯೋಗಕ್ಕೆ ಬರುತ್ತದೆ. ಹತ್ತಿದ ಮೇಲೆ ಮಾತ್ರ ಬೋರ್ಡ್ ನೋಡಿಕೊಂಡೇ ಹೋಗಿ. ಮದುವೆ ಊಟದ ಬಗ್ಗೆ ಏನೂ ಬರೆಯುವುದಿಲ್ಲ, ಅವರು ನಮ್ಮ ನೆಂಟರು.

ಇನ್ನು ಭಾನುವಾರ. ಬಸವನಗುಡಿಯಿಂದ ಸಾವನದುರ್ಗಕ್ಕೆ 50-60 ಕಿಲೋಮೀಟರ್ ಅಷ್ಟೇ. ದಾರಿ ಮಾತ್ರ ಮೂರು. ಸೀದಾ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ, ತಾವರೆಕೆರೆ ಮೇಲೆ ಹೋಗಬಹುದು. ನೈಸ್ ರಸ್ತೆಗೆ ಟೋಲ್ ಕಟ್ಟಿ, ಮಾಗಡಿ ರಸ್ತೆಯಲ್ಲಿ ಇಳಿಯಬಹುದು. ಮೂರನೆಯದು ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ, ರಾಮೋಹಳ್ಳಿಯ ದೊಡ್ಡ ಆಲದ ಮರ ನೋಡಿಕೊಂಡು ಮಂಚನಬೆಲೆ ಕಡೆಯಿಂದ ಹೋಗುವುದು. ಭಾವನ ಆಪ್ ಮೂರನೆಯದನ್ನೇ ತೋರಿಸಿತು. ಮಾಗಡಿ ರಸ್ತೆಗಿಂತ 8 ನಿಮಿಷ ಕಮ್ಮಿ ಎಂದಿತು. ನೈಸ್ ರಸ್ತೆಯ ಸುದ್ದಿಯನ್ನೇ ಎತ್ತಲಿಲ್ಲ. ಅದು ವಿಚಿತ್ರ ಅನ್ನಿಸಿತು, ಆದರೆ ಆಲದ ಮರ ನೋಡಬೇಕು ಅಂತ ಅಕ್ಕನೂ ಅಂದಳು. ಹೊರಟೆವು.

ಆಲದ ಮರದವರೆಗೆ ಎಲ್ಲ ಸರಿ. ಅಲ್ಲಿಂದ ಸ್ವಲ್ಪ ಮುಂದೆ ಹೋದ ಮೇಲೆ ಆಪ್ ಎಡಕ್ಕೆ ತಿರುಗಿಸಿತು. ಹೊಸ ಟಾರು ರಸ್ತೆ, ಎರಡೂ ಕಡೆ ಬೀದಿ ದೀಪ, ಒಂದೇ ಒಂದು ಮನೆ ಇಲ್ಲ. ಸೈಟು ಮಾರುವ ಲೇಔಟು. 'ನೋಡು ಮಾರಾಯ, ಎಂಥ ರಸ್ತೆಗೆ ಹಾಕಿದೆ' ಅಂದರು ಭಾವ. ರಸ್ತೆಯ ಕೊನೆಯಲ್ಲಿ ಕಬ್ಬಿಣದ ಗೇಟು, ಅದಕ್ಕೊಂದು ಬೀಗ. ಗೇಟಿನಾಚೆ ಹಿಪ್ಪುನೇರಳೆ ತೋಟ. ಆಪ್‌ನಲ್ಲಿ ನೋಡಿದರೆ ನೀಲಿ ಗೆರೆ ಗೇಟನ್ನು ತೂರಿಕೊಂಡು ಆಚೆ ಹೋಗುತ್ತಿದೆ.

ಸೆಕ್ಯೂರಿಟಿಯವರು ಕುರ್ಚಿಯಿಂದ ಏಳಲೂ ಇಲ್ಲ. 'ನೀವೂ ಫೋನ್ ನೋಡ್ಕೊಂಡ್ ಬಂದ್ರಾ ಸಾರ್?' ಅಂದರು. 'ಬೆಳಗಿಂದ ನಿಮ್ದು ನಾಲ್ಕನೇ ಗಾಡಿ.' ಬೀಗದ ಕೀ ಇಲ್ವಾ ಅಂದೆ. ಇದೆ, ಆದರೆ ಆಚೆ ರಸ್ತೆ ಇಲ್ಲ ಅಂದರು.

ಮೇಲಿನಿಂದ ತೆಗೆದ ಚಿತ್ರದಲ್ಲಿ ಗೇಟು ಎಲ್ಲಿ ಕಾಣಬೇಕು? ಲೇಔಟಿನ ರಸ್ತೆ, ಆಚೆಯ ಗಾಡಿ ದಾರಿ ಎರಡೂ ಒಂದಕ್ಕೊಂದು ತಾಗಿದ ಹಾಗೆ ಕಾಣುತ್ತವೆ. ಅದಕ್ಕೇ ಒಂದೇ ರಸ್ತೆ ಅಂತ ಸೇರಿಸಿರಬೇಕು, ಇದು ನನ್ನ ಊಹೆ. ಹುಡುಗಿಯ ಆಪ್‌ನಲ್ಲಿ ಅದೇ ಜಾಗದಲ್ಲಿ ಗೇಟಿನ ಗುರುತು ಇತ್ತು. ಅವಳ ನಕ್ಷೆ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಅದರಲ್ಲಿ ಯಾರು ಬೇಕಾದರೂ ತಮ್ಮ ಊರಿನ ದಾರಿ, ಗೇಟು, ಬಾವಿ ಗುರುತು ಹಾಕಬಹುದು. ಯಾರೋ ಪುಣ್ಯಾತ್ಮರು ಈ ಗೇಟಿನವರೆಗೆ ಬಂದು, ವಾಪಸ್ ಹೋಗಿ ಗುರುತು ಹಾಕಿದ್ದಾರೆ. ಯಾರೂ ಬಾರದ ಕಡೆ ಅದೇ ನಕ್ಷೆಯಲ್ಲಿ ಏನೂ ಇರುವುದಿಲ್ಲ, ಅದೂ ನಿಜ. 'ಮೊದಲೇ ಯಾಕೆ ಹೇಳಲಿಲ್ಲ?' ಅಂದೆ. 'ನೀವು ಕೇಳ್ಲಿಲ್ಲ ಮಾಮ' ಅಂದಳು.

ಅಲ್ಲಿಂದ ತಿರುಗಿಸಿದೆವಾ, ಇಲ್ಲ. ಅರ್ಧ ಕಿಲೋಮೀಟರ್ ಹಿಂದೆ ಇನ್ನೊಂದು ದಾರಿ ತೋರಿಸುತ್ತಿದೆ ಅಂದರು ಭಾವ. ಅದು ಎತ್ತಿನ ಗಾಡಿ ದಾರಿ. ಮಧ್ಯೆ ಹುಲ್ಲು, ಎರಡು ಪಕ್ಕ ಬೇಲಿ. 200 ಮೀಟರ್ ಹೋಗುವಷ್ಟರಲ್ಲಿ ಕಾರಿನ ಅಡಿಗೆ ಕಲ್ಲು ಉಜ್ಜಿದ ಶಬ್ದ ಕೇಳಿತು. ಎದುರಿಗೆ ಟಿವಿಎಸ್ ಎಕ್ಸೆಲ್ ಮೇಲೆ ಹಸಿ ಹುಲ್ಲಿನ ಹೊರೆ ಹೇರಿಕೊಂಡು ಒಬ್ಬರು ಬಂದರು. ಅವರಿಗೂ ಜಾಗ ಇಲ್ಲ, ನನಗೂ ಇಲ್ಲ. ಪೂರ್ತಿ ರಿವರ್ಸ್. ನನಗೆ ಟ್ರಾಫಿಕ್ ಜಾಮ್‌ನಲ್ಲಿ ಎರಡು ಗಂಟೆ ಕೂರಲು ಬೇಜಾರಿಲ್ಲ. ಬೇಲಿಯ ಮಧ್ಯೆ ರಿವರ್ಸ್ ಹೋಗು ಅಂದರೆ ಆಗುವುದಿಲ್ಲ. ಕೆಳಗೆ ನಾನು ಕೊಡುವ ಸಲಹೆಯನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಓದಿ.

ಹುಲ್ಲಿನವರು ಪಾಪ ನಮ್ಮ ಹಿಂದೆಯೇ ಬಂದು ದಾರಿ ಹೇಳಿದರು. 'ಹಿಂದಕ್ಕೋಗಿ ಎಡಕ್ಕೆ ತಗೊಳ್ಳಿ, ಮಂಚನಬೆಲೆ ರೋಡು ಇಲ್ಲೇ, ಎರಡು ಕಿಲೋಮೀಟ್ರು.' ಅವರು ಹೇಳಿದ ರಸ್ತೆ ಪಕ್ಕಾ ಇತ್ತು, ಒಂದೂ ಗೇಟಿಲ್ಲ. ಆದರೆ ಕಾರಿನ ಮೀಟರ್‌ನಲ್ಲಿ ಆರೂವರೆ ಕಿಲೋಮೀಟರ್ ಆಯಿತು. ಆಮೇಲೆ ಇನ್ನಿಬ್ಬರನ್ನು ಕೇಳಿದೆವು, ಅವರಿಗೂ ಎಲ್ಲವೂ ಎರಡು ಕಿಲೋಮೀಟರೇ. ಅಲ್ಲಿಂದ ಮುಂದೆ ನಮ್ಮದು ಒಂದು ಲೆಕ್ಕವಾಯಿತು: ರಸ್ತೆ ಯಾವುದು ಅಂತ ಜನರನ್ನು ಕೇಳುವುದು, ದೂರ ಎಷ್ಟು ಅಂತ ಫೋನನ್ನು ಕೇಳುವುದು.

ಮಂಚನಬೆಲೆ ದಾಟಿ ಕಾಡಿನ ಕಡೆಗೆ ಹೋದ ಹಾಗೆ ನೆಟ್‌ವರ್ಕ್ ಹೋಯಿತು. ನನ್ನ ಫೋನಿನಲ್ಲಿ ಬಿಳಿ ಹಾಳೆಯ ಮೇಲೆ ನೀಲಿ ಚುಕ್ಕಿ ಮಾತ್ರ ಓಡುತ್ತಿತ್ತು. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ನಾಲ್ಕು ಉಪಗ್ರಹಗಳ ಸಿಗ್ನಲ್ ಸಿಕ್ಕರೆ ನೀವು ಎಲ್ಲಿದ್ದೀರಿ ಅಂತ ಫೋನೇ ಲೆಕ್ಕ ಹಾಕುತ್ತದೆ. ಇಂಟರ್ನೆಟ್ ಬೇಕಾಗುವುದು ಕೆಳಗಿನ ನಕ್ಷೆಗೆ. ಇಲ್ಲಿಂದ ಹುಡುಗಿಯ ಫೋನು ಮುಂದಿನ ಸೀಟಿಗೆ ಬಂತು, ಭಾವ ಹಿಂದೆ ಹೋದರು.

ಆ ಹೊತ್ತಿಗೆ ಎಲ್ಲರಿಗೂ ಹೊಟ್ಟೆ ಹಸಿದಿತ್ತು. ರಸ್ತೆ ಪಕ್ಕ ನೀಲಿ ಶೀಟು ಹೊದಿಸಿದ ಒಂದು ಹೋಟೆಲ್, ಬೋರ್ಡ್ ಇಲ್ಲ. ಆಮೇಲೆ ನೆಟ್‌ವರ್ಕ್ ಬಂದಾಗ ಮೂರೂ ಆಪ್‌ನಲ್ಲಿ ನೋಡಿದೆವು, ಯಾವುದರಲ್ಲೂ ಇಲ್ಲ. ಎರಡು ಬೆಂಚು, ಒಂದು ಸೌದೆ ಒಲೆ. ಒಬ್ಬ ಅಮ್ಮ ಮುದ್ದೆ ತೊಳಸುತ್ತಿದ್ದರು, ಅವರ ಯಜಮಾನರು ಬಡಿಸುತ್ತಿದ್ದರು. ಮುದ್ದೆ, ಉಪ್ಸಾರು, ಪಕ್ಕದಲ್ಲಿ ಗುಂಡುಕಲ್ಲಲ್ಲಿ ರುಬ್ಬಿದ ಖಾರ. ಉಪ್ಸಾರು ನೋಡಲು ಸುಮ್ನೆ ಕಾಳು ಸೊಪ್ಪು ಬೇಯಿಸಿದ ನೀರಿನ ಹಾಗೆ ಇರುತ್ತದೆ. ಅದಕ್ಕೆ ಆ ಖಾರ ಒಂದು ಚೂರು ಕದಡಿಕೊಂಡರೆ ಬೇರೆಯೇ ಊಟ. ನಾವು ಮಲೆನಾಡಿನವರು, ಅಕ್ಕಿ ರೊಟ್ಟಿ ಕಡುಬಿನ ಜನ. ಭಾವ ಮುದ್ದೆಯನ್ನು ಅಗಿಯಲು ಹೋದರು. ಅಮ್ಮ ಒಲೆ ಮುಂದಿನಿಂದಲೇ 'ಅಗೀಬಾರ್ದು ಯಜಮಾನ್ರೇ, ನುಂಗಿ' ಅಂತ ಕೂಗಿದರು. ಮೂರನೇ ತುತ್ತಿಗೆ ಕಲಿತರು. ಆಮೇಲೆ ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡರು. ಕೊನೆಗೆ ಅನ್ನ, ಈರುಳ್ಳಿ ಹಾಕಿದ ಮಜ್ಜಿಗೆ. ಒಬ್ಬರಿಗೆ 60 ರೂಪಾಯಿ. ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ್ದರು, ಆದರೆ ನಮ್ಮ ಯಾರ ಫೋನಿನಲ್ಲೂ ನೆಟ್‌ವರ್ಕ್ ಇಲ್ಲ. ಅಕ್ಕನ ಪರ್ಸಿನಲ್ಲಿ ಮದುವೆಗೆ ಮುಯ್ಯಿ ಮಾಡಿ ಉಳಿದ ನೋಟು ಇತ್ತು, ಬಚಾವಾದೆವು. ಈ ಕಡೆ ಬರುವವರು ಕೈಯಲ್ಲಿ ಚಿಲ್ಲರೆ ಇಟ್ಟುಕೊಳ್ಳಿ.

ಈಗ ಬೆಟ್ಟದ ಹೆಸರಿನ ವಿಷಯ. ಊಟ ಮಾಡಿ ಹೊರಟ ಮೇಲೆ ನನ್ನ ಫೋನಿಗೆ ಮತ್ತೆ ಜೀವ ಬಂತು. ಹುಡುಗಿಯದು ಬಲಕ್ಕೆ ಅಂದಿತು, ನನ್ನದು ನೇರ ಅಂದಿತು. ನನ್ನ ಮಾತೇ ನಡೆಯಿತು, ಸ್ಟೀರಿಂಗ್ ನನ್ನ ಕೈಯಲ್ಲಿತ್ತಲ್ಲ. ಸ್ವಲ್ಪ ಹೊತ್ತಿಗೆ 'ನೀವು ತಲುಪಿದ್ದೀರಿ' ಎಂದಿತು. ಎದುರಿಗೆ ಮಾವಿನ ತೋಪು, ತಂತಿ ಬೇಲಿ, ಅದರಾಚೆ ಕಡಿದಾದ ಬಂಡೆಯ ಗೋಡೆ. ದೇವಸ್ಥಾನ ಇಲ್ಲ, ಜನ ಇಲ್ಲ. ಬೆಟ್ಟದ ಬೆನ್ನಿಗೆ ಬಂದು ನಿಂತಿದ್ದೆವು. ಆಗಿದ್ದು ಇಷ್ಟೇ. ಬೆಟ್ಟದ ಹೆಸರು ಹಾಕಿದಾಗ ಪಿನ್ ಬೆಟ್ಟದ ನೆತ್ತಿಯ ಮೇಲೆ ಬಿದ್ದಿದೆ. ನೆತ್ತಿಗೆ ರಸ್ತೆ ಇಲ್ಲ. ಆದ್ದರಿಂದ ಆ ಪಿನ್‌ಗೆ ಹತ್ತಿರ ಬರುವ ರಸ್ತೆ ಯಾವುದೋ ಅಲ್ಲಿಗೆ ಕರೆದುಕೊಂಡು ಹೋಗಿದೆ. ರೈಲ್ವೆ ಸ್ಟೇಷನ್‌ನಲ್ಲಿ ಆಗಿದ್ದೂ ಇದೇ ಅಲ್ವಾ? ಮಂಚನಬೆಲೆಯಂಥ ಜಲಾಶಯಕ್ಕೂ ಹೀಗೇ ಆಗಬಹುದು, ಪಿನ್ ನೀರಿನ ನಡುವೆ ಬಿದ್ದಿರುತ್ತದೆ. ಬೆಟ್ಟ, ಕೆರೆ, ಕಾಡು ಎಲ್ಲದಕ್ಕೂ ಬಾಗಿಲಿನ ಹೆಸರು ಹುಡುಕಿ ಹಾಕಿ. ದೇವಸ್ಥಾನವೋ, ಊರೋ, ಬಸ್ ಸ್ಟಾಪೋ.

ದೇವಸ್ಥಾನ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಂಡೆ ಕಾದಿತ್ತು, ಹತ್ತಲಿಲ್ಲ. ಕರಿಗುಡ್ಡ ಬಿಳಿಗುಡ್ಡ ಎರಡನ್ನೂ ಕೆಳಗಿನಿಂದ ನೋಡಿದೆವು. ಅಕ್ಕ, ಭಾವ ನರಸಿಂಹಸ್ವಾಮಿಗೆ ಕೈ ಮುಗಿದು ಬಂದರು. ಭಾನುವಾರದ ಕ್ಯೂ ನೋಡಿ ನಾನು ಮರದ ಕೆಳಗೆ ಕಾರಿನಲ್ಲೇ ಕುಳಿತೆ. ಹತ್ತಬೇಕೆನ್ನುವವರು ನಮ್ಮ ಹಾಗೆ ಊರೆಲ್ಲ ಸುತ್ತದೆ ಎಂಟರ ಒಳಗೆ ಬುಡದಲ್ಲಿರಿ.

ಕುಳಿತಲ್ಲೇ ಭಾವನ ಫೋನ್ ತೆಗೆದು ನೋಡಿದೆ. 'ಟೋಲ್ ಬೇಡ' ಅನ್ನುವ ಆಯ್ಕೆ ಆನ್ ಆಗಿತ್ತು. ಯಾವಾಗಲೋ ಯಾವುದೋ ಪ್ರಯಾಣಕ್ಕೆ ಹಾಕಿದ್ದು, ಹಾಗೇ ಉಳಿದಿದೆ. ನೈಸ್ ರಸ್ತೆ ಕಾಣದೆ ಹೋಗಿದ್ದು ಅದಕ್ಕೇ. ಆ ತಪ್ಪನ್ನು ಆಪ್ ಮೇಲೆ ಹಾಕುವ ಹಾಗಿಲ್ಲ. ಹೊರಡುವ ಮೊದಲು ಸೆಟ್ಟಿಂಗ್ಸ್ ಒಮ್ಮೆ ನೋಡಿ. ಬೈಕಿನವರು ದ್ವಿಚಕ್ರ ವಾಹನದ ಮೋಡ್ ಹಾಕಿಕೊಳ್ಳಿ. ಅದರಲ್ಲೂ ಬಿಡದಿ, ರಾಮನಗರ ಕಡೆಯಿಂದ ಬರುವವರು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ ಬಿಡುವುದಿಲ್ಲ. ಕಾರಿನ ಮೋಡ್‌ನಲ್ಲಿದ್ದರೆ ಆಪ್ ನಿಮ್ಮನ್ನು ಅಲ್ಲಿಗೇ ಕಳಿಸುತ್ತದೆ.

ವಾಪಸ್ ಮಾಗಡಿ ರಸ್ತೆಯಲ್ಲೇ ಬಂದೆವು. ತಾವರೆಕೆರೆವರೆಗೆ ನನ್ನ ಆಪ್ ಹೇಳಿದ ಟೈಮಿಗೂ ಗಡಿಯಾರಕ್ಕೂ ಎರಡು ನಿಮಿಷ ವ್ಯತ್ಯಾಸ. ಸುಂಕದಕಟ್ಟೆ ಬಂತು ನೋಡಿ, 'ಇನ್ನು 25 ನಿಮಿಷ' ಅನ್ನುವುದು ಮುಕ್ಕಾಲು ಗಂಟೆ ಆದರೂ 25 ನಿಮಿಷವೇ. ರಸ್ತೆಯಲ್ಲಿರುವ ಫೋನುಗಳು ಎಷ್ಟು ವೇಗದಲ್ಲಿ ಚಲಿಸುತ್ತಿವೆ ಅನ್ನುವುದರ ಮೇಲೆ ಟ್ರಾಫಿಕ್ ಲೆಕ್ಕ ನಿಂತಿದೆ. ಈಗ ಎಲ್ಲಿ ಜಾಮ್ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಇನ್ನು ಹತ್ತು ನಿಮಿಷಕ್ಕೆ ನೀರಿನ ಟ್ಯಾಂಕರ್ ಬಂದು ಅಡ್ಡ ನಿಲ್ಲುತ್ತದೆ ಅಂತ ಹೇಗೆ ಗೊತ್ತಾಗಬೇಕು? ಕಾಮಾಕ್ಷಿಪಾಳ್ಯದ ಹತ್ತಿರ ಭಾವನ ಆಪ್ ಒಂದು ಗಲ್ಲಿ ತೋರಿಸಿತು. ತಿರುಗಿದರೆ ನಮ್ಮ ಮುಂದೆ ಹನ್ನೆರಡು ಕಾರು, ಎಲ್ಲರ ಡ್ಯಾಶ್‌ಬೋರ್ಡಿನಲ್ಲೂ ಫೋನು. ಹುಡುಗಿಯ ಆಪ್‌ಗೆ ಟ್ರಾಫಿಕ್ ಅಂದರೇನು ಅಂತಲೇ ಗೊತ್ತಿಲ್ಲ. ಊರೊಳಗೆ ಅದನ್ನು ಮುಚ್ಚಿಡಿ.

ಮುಂದಿನ ಸಲ ನಾನಾದರೆ ನೈಸ್ ರಸ್ತೆ ಹಿಡಿದು ಮಾಗಡಿ ರಸ್ತೆಗೆ ಇಳಿಯುತ್ತೇನೆ, ಆರು ಗಂಟೆಗೆ ಹೊರಡುತ್ತೇನೆ. ಆಲದ ಮರ ಬೇರೆ ದಿನ. ಊರೊಳಗೆ ಟ್ರಾಫಿಕ್ ತೋರಿಸುವ ಆಪ್, ತಾವರೆಕೆರೆ ದಾಟಿದ ಮೇಲೆ ಫೋನಿಗೆ ಇಳಿಸಿಕೊಂಡ ನಕ್ಷೆ. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಇರುವುದೇ ಅದಕ್ಕೆ. ಗೂಗಲ್ ಮ್ಯಾಪ್ಸ್‌ನಲ್ಲೂ ಬೇಕಾದಷ್ಟು ಜಾಗವನ್ನು ಮನೆಯ ವೈಫೈನಲ್ಲಿ ಇಳಿಸಿಕೊಂಡು ಹೋಗಬಹುದು.

ಆ ಮುದ್ದೆ ಹೋಟೆಲ್ ಎಲ್ಲಿ ಅಂತ ಈಗಾಗಲೇ ಮೂವರು ಸ್ನೇಹಿತರು ಕೇಳಿದ್ದಾರೆ. ಮ್ಯಾಪ್‌ನಲ್ಲಿ ಸೇರಿಸೋಣ ಅಂತ ಹುಡುಗಿ ಅಂದಳು, ಬೇಡ ಅಂದೆ. ಎರಡೇ ಬೆಂಚು, ಎಂಟು ಜನಕ್ಕಿಂತ ಜಾಸ್ತಿ ಕೂರಲು ಆಗುವುದಿಲ್ಲ. ಹೋಗಲೇಬೇಕು ಅನ್ನುವವರಿಗೆ ಬಾಯಲ್ಲಿ ಹೇಳುತ್ತೇನೆ: ಮಂಚನಬೆಲೆ ದಾಟಿ, ಸಾವನದುರ್ಗದ ರಸ್ತೆಯಲ್ಲಿ, ಬಲಗಡೆ ದೊಡ್ಡ ಹುಣಸೆ ಮರ, ಅದರ ಪಕ್ಕ ನೀಲಿ ಶೀಟು. ಇಲ್ಲೇ ಮುಂದೆ, ಎರಡು ಕಿಲೋಮೀಟರ್.