ಪಂಪ್ ಮೇಲಿದ್ದಾಗ ಲ್ಯಾಕ್ಟೇಟ್ ಏರಿದರೆ

ಓಪನ್ ಹಾರ್ಟ್ ಸರ್ಜರಿಯಲ್ಲಿ ಹೃದಯ, ಶ್ವಾಸಕೋಶಗಳ ಕೆಲಸವನ್ನು ಹಾರ್ಟ್-ಲಂಗ್ ಯಂತ್ರ, ಅಂದರೆ ಪಂಪ್, ನೋಡಿಕೊಳ್ಳುತ್ತದೆ. ದೇಹಕ್ಕೆ ಆಕ್ಸಿಜನ್ ಸಾಲದಿದ್ದರೆ ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ವಸ್ತು ಏರುತ್ತದೆ. ಸಕ್ಕರೆ ಕಾಯಿಲೆ ಇರುವವರ ಸರ್ಜರಿಯ ದಿನ ಬೆಳಗ್ಗೆ ಮೊದಲು ಕೇಳುವುದು ಮಾತ್ರೆಗಳ ಬಗ್ಗೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಯನ್ನು ಕನಿಷ್ಠ 3 ದಿನ ಮೊದಲೇ ನಿಲ್ಲಿಸಿರಬೇಕು. ಇಲ್ಲವಾದರೆ ಶುಗರ್ ಅಷ್ಟೇನೂ ಏರದೆ ಕೊಬ್ಬು ಕರಗಿ ಬರುವ ಆಮ್ಲ, ಕೀಟೋನ್, ರಕ್ತದಲ್ಲಿ ಸೇರಿಕೊಳ್ಳುತ್ತದೆ. ಪಿಎಚ್ ಇಳಿದು ರಕ್ತ ಆಮ್ಲೀಯವಾಗಿದ್ದರೂ ಲ್ಯಾಕ್ಟೇಟ್ ಸರಿಯಾಗೇ ಕಾಣುತ್ತದೆ. ಲ್ಯಾಕ್ಟೇಟ್ ಏರಿಸಬಲ್ಲ ಇನ್ನೊಂದು ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್ ಕಡೆ ಗಮನ ಹೆಚ್ಚಾಗಿ ಬೇಕಿರುವುದು ಕಿಡ್ನಿ ಸೋತವರಲ್ಲಿ.

ಎದೆ ತೆರೆಯುವ ಮೊದಲಿನ ಎಬಿಜಿಯಲ್ಲಿ (ಅಪಧಮನಿಯ ರಕ್ತದ ಪರೀಕ್ಷೆಯಲ್ಲಿ) ಲ್ಯಾಕ್ಟೇಟ್ ಲೀಟರ್‌ಗೆ 2 ಮಿಲಿಮೋಲ್‌ಗಿಂತ ಕೆಳಗಿದ್ದರೆ ಸಮಾಧಾನ. ಸ್ಯಾಂಪಲ್ ತೆಗೆಯುವಾಗ ಲೈನ್‌ನಲ್ಲಿ ನಿಂತ ಸಲೈನ್ ಬೆರೆಯದಂತೆ ಮೊದಲ ಕೆಲವು ಮಿ.ಲೀ. ಬೇರೆ ಸಿರಿಂಜ್‌ಗೆ ಎಳೆದುಕೊಳ್ಳಬೇಕು. ತೆಗೆದ ರಕ್ತವನ್ನು ಟ್ರೇನಲ್ಲಿ ಮರೆಯಬಾರದು. ಸಿರಿಂಜ್‌ನೊಳಗೂ ರಕ್ತಕಣಗಳು ಸಕ್ಕರೆ ಉರಿಸುತ್ತಲೇ ಇರುತ್ತವೆ, ಹೊತ್ತು ಕಳೆದಂತೆ ಶುಗರ್ ಇಳಿದು ಲ್ಯಾಕ್ಟೇಟ್ ಏರುತ್ತದೆ. 15 ನಿಮಿಷದೊಳಗೆ ಮೆಷಿನ್‌ಗೆ ಹಾಕಿದರೆ ಆ ಗೊಂದಲವಿಲ್ಲ.

ನಿಜವಾದ ಪರೀಕ್ಷೆ ಪಂಪ್ ಮೇಲೆ. ಶುಗರ್ 230, ಲ್ಯಾಕ್ಟೇಟ್ 4.5 ಎಂದು ರಿಪೋರ್ಟ್ ಬಂದ ಕೂಡಲೇ ಕೈ ಇನ್ಸುಲಿನ್ ಕಡೆ ಹೋಗುತ್ತದೆ. ಇನ್ಸುಲಿನ್ ಬೇಕು ನಿಜ, ಶುಗರ್ 180ರೊಳಗೆ ತರಲೇಬೇಕು. ಆದರೆ ಲ್ಯಾಕ್ಟೇಟ್‌ನ ಮೂಲ ಬಹುತೇಕ ಬೇರೆಡೆ ಇರುತ್ತದೆ. ಪಂಪ್‌ನ ಕೊಳವೆಗಳಲ್ಲಿ ಮೊದಲೇ ತುಂಬಿಸಿದ ಪ್ರೈಮ್ ದ್ರವ ಬೆರೆತು ರಕ್ತ ತೆಳುವಾಗಿದೆಯೇ, ಪಂಪ್ ಹರಿಸುವ ರಕ್ತ (ಫ್ಲೋ) ಸಾಲದೇ ಎಂದು ಮೊದಲು ಪಂಪ್ ನಡೆಸುವ ಪರ್ಫ್ಯೂಷನಿಸ್ಟ್‌ರನ್ನು ಕೇಳಬೇಕು. ಹಿಮೋಗ್ಲೋಬಿನ್ 7ಕ್ಕೆ ಇಳಿದು ಫ್ಲೋ ದೇಹದ ಮೇಲ್ಮೈಯ ಚದರ ಮೀಟರ್‌ಗೆ ನಿಮಿಷಕ್ಕೆ 2.4 ಲೀಟರ್ ಇದ್ದರೆ ದೇಹಕ್ಕೆ ನಿಮಿಷಕ್ಕೆ ಸಿಗುವ ಆಕ್ಸಿಜನ್ ಚದರ ಮೀಟರ್‌ಗೆ ಸುಮಾರು 245 ಮಿ.ಲೀ. ಮಾತ್ರ, 280ರ ಆಸುಪಾಸು ಬೇಕು. ಪಂಪ್ ಮೇಲೆ ತಣ್ಣಗಾಗಿಸಿದ ದೇಹ ಮತ್ತೆ ಬೆಚ್ಚಗಾಗುವ ಹೊತ್ತಿಗೆ ಬೇಡಿಕೆ ಏರುತ್ತದೆ, ಈ ಕೊರತೆ ಎದ್ದು ಕಾಣುವುದು ಆಗಲೇ. ಫ್ಲೋ ಏರಿಸಿ, ಹೆಚ್ಚುವರಿ ನೀರು ಹೊರತೆಗೆದು ತೆಳುವಾದ ರಕ್ತವನ್ನು ಮತ್ತೆ ಸಾಂದ್ರ ಮಾಡಿ, ಅಗತ್ಯವಿದ್ದರೆ ರಕ್ತ ಕೊಟ್ಟು ಸರಿಪಡಿಸಬೇಕು.

ಪಂಪ್‌ನಿಂದ ಹೊರಬಂದ ಮೇಲೆ ಹೃದಯಕ್ಕೆ ಬಲ ಕೊಡಲು ಅಡ್ರಿನಲಿನ್ ಶುರುವಾದರೆ ಶುಗರ್, ಲ್ಯಾಕ್ಟೇಟ್ ಎರಡೂ ಒಟ್ಟಿಗೇ ಏರುತ್ತವೆ. ಪಾದ ಬೆಚ್ಚಗಿದ್ದು, ಮೂತ್ರ ಚೆನ್ನಾಗಿ ಬರುತ್ತಿದ್ದರೆ ಡೋಸ್ ಇಳಿಸುತ್ತ ಕಾಯಬಹುದು. ಪಾದ ತಣ್ಣಗಾಗಿ, ಮೂತ್ರ ಕಡಿಮೆಯಾದರೆ ಅಡ್ರಿನಲಿನ್ ಮೇಲೆ ತಪ್ಪು ಹೊರಿಸಿ ಕೂರಬಾರದು. ಹೃದಯದ ಪಂಪಿಂಗ್, ರಕ್ತಸ್ರಾವ ಎರಡನ್ನೂ ಆಗಲೇ ನೋಡಬೇಕು. ಲ್ಯಾಕ್ಟೇಟ್‌ನ ಬಿಡಿ ಸಂಖ್ಯೆಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಕ್ಕೇ ನಮ್ಮಲ್ಲಿ ಬೆಲೆ ಹೆಚ್ಚು.

ಸಿರಿಂಜ್ ಪಂಪ್‌ನಲ್ಲಿ 50 ಮಿ.ಲೀ. ಸಲೈನ್‌ಗೆ 50 ಯೂನಿಟ್ ಇನ್ಸುಲಿನ್ ಹಾಕಿದಾಗ ಮೊದಲ 20 ಮಿ.ಲೀ. ಟ್ಯೂಬ್ ಮೂಲಕ ಹರಿಸಿ ಚೆಲ್ಲಬೇಕು, ಇನ್ಸುಲಿನ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ತಣ್ಣಗಿದ್ದಾಗ ಮಂಕಾಗಿದ್ದ ಇನ್ಸುಲಿನ್ ದೇಹ ಬೆಚ್ಚಗಾದ ಮೇಲೆ ಚುರುಕಾಗಿ ಶುಗರ್ ಸರ್ರನೆ ಇಳಿಯಬಹುದು, ಜೊತೆಗೆ ಪೊಟ್ಯಾಸಿಯಂ ಕೂಡ. ಅರಿವಳಿಕೆಯಲ್ಲಿರುವವರು ತಲೆ ಸುತ್ತುತ್ತಿದೆ ಎಂದು ಹೇಳಲಾರರು. ಆ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಸ್ಯಾಂಪಲ್ ತಪ್ಪಿಸುವಂತಿಲ್ಲ.