ಪಿಂಗ್ ಬರುತ್ತೆ, ಸರ್ವರ್ ಬರಲ್ಲ

18 ಜೂನ್ 2024, ಮಂಗಳವಾರ, ರಾತ್ರಿ

ನಾಡಿದ್ದು 20ನೇ ತಾರೀಕು, ಜಿಎಸ್‌ಟಿ 3ಬಿ ಅನ್ನೋ ತಿಂಗಳ ರಿಟರ್ನ್ ಸಲ್ಲಿಸೋಕೆ ಕಡೇ ದಿನ. ನಿನ್ನೆ ಬಕ್ರೀದ್ ರಜೆ. ಪಿ.ಬಿ. ರೋಡಿನ ಆಡಿಟರ್ ಆಫೀಸಲ್ಲಿ ಬೆಳಿಗ್ಗೆಯಿಂದ ಒಂದೇ ರಾಗ: ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿ ನಡುವೆ ಎರರ್ ಕೊಟ್ಟು ಮುಚ್ಚಿಹೋಗುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತೆ, ಮತ್ತೆ ಹೋಗುತ್ತೆ. ಪೂರ್ತಿ ಕೆಟ್ಟು ಕೂತಿದ್ದರೆ ಹುಡುಕೋದು ಸಲೀಸು. ಇದು ಡಾಕ್ಟರ ಮುಂದೆ ಕೂತಾಗ ಮಾತ್ರ ಬಾರದ ಕೆಮ್ಮಿನ ಹಾಗೆ, ನಾವು ಹೋಗಿ ನಿಂತರೆ ಎಲ್ಲಾ ಸರಿಯಾಗಿರುತ್ತೆ.

ಮೊದಲು ಬಂದು ಹೋದವರು ಸ್ವಿಚ್ ಬದಲಿಸಿದ್ದಾರೆ, ಆಂಟಿವೈರಸ್ ತೆಗೆದಿದ್ದಾರೆ, ಸರ್ವರಿಗೆ ವಿಂಡೋಸ್ ಹೊಸದಾಗಿ ಹಾಕಿದ್ದಾರೆ. ಅದೂ ಎಲ್ಲಾ ಒಂದೇ ದಿನ. ಆಮೇಲೆ ಎರಡು ದಿನ ಚೆನ್ನಾಗಿತ್ತಂತೆ. ಯಾವುದರಿಂದ ಚೆನ್ನಾಗಿತ್ತು? ಯಾರಿಗೂ ಗೊತ್ತಿಲ್ಲ. ಒಂದು ಬದಲಿಸು, ಕಾಯಿ, ನೋಡು. ಅಷ್ಟು ತಾಳ್ಮೆ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬಾರದು. ಅದಕ್ಕಿಂತ ಕೆಟ್ಟದ್ದು ‘ರೀಸ್ಟಾರ್ಟ್ ಮಾಡಿ ನೋಡಿ’ ಅನ್ನೋ ಚಾಳಿ. ರೀಸ್ಟಾರ್ಟ್ ಮಾಡಿದ ಕೂಡಲೇ ಎಆರ್‌ಪಿ ಪಟ್ಟಿ (ಯಾವ ಐಪಿ ನಂಬರ್ ಯಾವ ಯಂತ್ರದ್ದು ಅಂತ ಕಂಪ್ಯೂಟರ್ ಇಟ್ಟುಕೊಳ್ಳೋ ನೆನಪು) ಖಾಲಿ, ಯಾರು ಯಾರ ಜೊತೆ ಮಾತಾಡುತ್ತಿದ್ದರು ಅನ್ನೋ ಗುರುತೂ ಖಾಲಿ. ಕಳ್ಳ ಬಂದ ಮನೆಯನ್ನ ಪೊಲೀಸ್ ಬರೋ ಮೊದಲೇ ಗುಡಿಸಿ ಸಾರಿಸಿ ಇಟ್ಟರೆ ಅವರೇನು ಹುಡುಕಬೇಕು?

ಇವತ್ತು ಬರೆಯಬೇಕು ಅನ್ನಿಸಿದ್ದು ಸರೋಜಾ ಮೇಡಂ ಕೊಟ್ಟ ಒಂದು ಹಾಳೆಯಿಂದ.

“ಸಾರ್, ಇದೇನಾದ್ರೂ ಉಪಯೋಗಕ್ಕೆ ಬರುತ್ತಾ ನೋಡಿ. ಮಂಜು ನಗ್ತಾನೆ, ನಾನಂತೂ ಬರ್ಕೊಂಡಿದೀನಿ.”

ಕ್ಯಾಲೆಂಡರಿಂದ ಹರಿದ ಮೇ ತಿಂಗಳ ಹಾಳೆ. ಹಿಂಭಾಗದಲ್ಲಿ ಪೆನ್ಸಿಲಲ್ಲಿ ಮೂರು ಕಾಲಂ: ಎಷ್ಟು ಹೊತ್ತಿಗೆ ಹೋಯ್ತು, ಯಾರ ಟೇಬಲ್‌ದು, ಎಷ್ಟು ಹೊತ್ತಿಗೆ ಬಂತು. “10.40, ನಂದು, ಮಂಜುದು. ಶೀಲಾಗೆ ಬರ್ತಿತ್ತು.” “2.15, ಎಲ್ಲರಿಗೂ ಡ್ರೈವ್ ಮೇಲೆ ಕೆಂಪು ಇಂಟು.” “4.30, ಮೂಲೆ ಟೇಬಲ್ ಮಾತ್ರ, ಬ್ಯಾಕಪ್ ಹಾಕುವಾಗ.” ಹೀಗೇ ಹಾಳೆ ತುಂಬಾ.

“ಮೇಡಂ, ಇಂಟರ್ನೆಟ್ ಹೋಗುತ್ತಾ ಆಗ?”

“ಇಲ್ಲ ಸಾರ್, ಪೋರ್ಟಲ್ ಓಪನ್ ಆಗೇ ಇರುತ್ತೆ. ಸರ್ವರ್ ಮಾತ್ರ. ಮಂಜು ಪಿಂಗ್ ಮಾಡಿ ತೋರಿಸ್ತಾನೆ, ಪಿಂಗ್ ಬರ್ತಾನೇ ಇರುತ್ತೆ. ಹಂಗಾಗಿ ಟ್ಯಾಲಿದೇ ತಪ್ಪು ಅಂತಾನೆ.”

ಪಿಂಗ್ ಅಂದರೆ ‘ಇದ್ದೀಯಾ’ ಅಂತ ಇನ್ನೊಂದು ಯಂತ್ರವನ್ನ ಕೂಗಿ ಕೇಳೋ ಕಮಾಂಡು, ಅಷ್ಟೇ. ಬ್ರೌಸರ್ ಮಧ್ಯೆ ಎರಡು ಸೆಕೆಂಡು ಲೈನ್ ಹೋದರೂ ಸದ್ದಿಲ್ಲದೆ ಮತ್ತೆ ಕೇಳಿಕೊಳ್ಳುತ್ತೆ, ನಮಗೆ ಗೊತ್ತೇ ಆಗಲ್ಲ. ಶೇರ್ಡ್ ಫೋಲ್ಡರಲ್ಲಿ ಡೇಟಾ ಫೈಲ್ ತೆರೆದಿಟ್ಟುಕೊಂಡು ಕೆಲಸ ಮಾಡೋ ಟ್ಯಾಲಿಗೆ ಆ ಸೌಲಭ್ಯ ಕಮ್ಮಿ, ಹಿಡಿದ ಫೈಲ್ ಕೈ ತಪ್ಪಿದರೆ ಎರರ್ರೇ. ಲೈನಿನ ಕಾಯಿಲೆ ಮೊದಲು ಕಾಣಿಸೋದು ಅಲ್ಲಿ, ಬೈಗುಳವೂ ಅದಕ್ಕೇ.

ಹಾಳೆ ಮೇಜಿನ ಮೇಲೆ ಹರಡಿ ನೋಡಿದರೆ ಅದರಲ್ಲಿ ಇದ್ದದ್ದು ಒಂದು ಕಾಯಿಲೆ ಅಲ್ಲ, ಮೂರು. ಮೂರೂ ಬೇರೆ ಬೇರೆ ಹೊತ್ತಿನವು. ಒಂದನ್ನ ಸರಿಮಾಡಿದರೆ ಇನ್ನೆರಡು ಉಳಿಯುತ್ತಿದ್ದವು, ‘ಏನೂ ಉಪಯೋಗ ಆಗ್ಲಿಲ್ಲ’ ಅಂತ ಅದನ್ನೂ ವಾಪಸ್ ತೆಗೆಯುತ್ತಿದ್ದರು.

ಮಧ್ಯಾಹ್ನದ ಕೆಂಪು ಇಂಟು ಸಪ್ಪೆ ವಿಷಯ. ವಿಂಡೋಸಲ್ಲಿ ಫೋಲ್ಡರ್ ಶೇರ್ ಮಾಡಿದ ಯಂತ್ರ, ಯಾವ ಫೈಲೂ ತೆರೆದಿಲ್ಲದೆ ಸುಮ್ಮನಿರೋ ಕನೆಕ್ಷನ್ನನ್ನ 15 ನಿಮಿಷಕ್ಕೆ ಬಿಟ್ಟುಬಿಡುತ್ತೆ. ಊಟಕ್ಕೆ ಟ್ಯಾಲಿ ಮುಚ್ಚಿ ಹೋಗಿದ್ದಾರೆ, ವಾಪಸ್ ಬಂದಾಗ ಇಂಟು ಕಂಡಿದೆ. ಡ್ರೈವ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ತಾನೇ ಸೇರಿಕೊಳ್ಳುತ್ತೆ. ಬೇಡವೇ ಬೇಡ ಅಂದರೆ ಸರ್ವರಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ನೆಟ್ ಕಾನ್ಫಿಗ್ ಸರ್ವರ್, ಸ್ಲ್ಯಾಶ್ ಆಟೋಡಿಸ್‌ಕನೆಕ್ಟ್, ಕೋಲನ್, ಮೈನಸ್ 1. ಮುಗೀತು.

ಬೆಳಿಗ್ಗೆ 10.40ರದ್ದು ಮಾತ್ರ ರಸವತ್ತಾದ ಕೇಸು.

ಎರಡು ಟೇಬಲ್‌ಗೆ ಹೋಗಿ ಮೂರನೆಯದಕ್ಕೆ ಬರುತ್ತೆ ಅಂದಕೂಡಲೇ ಸ್ವಿಚ್ಚು, ಯುಪಿಎಸ್ಸು, ಸರ್ವರ್ ನಿದ್ದೆ ಹೋಗೋದು ಎಲ್ಲಾ ಪಟ್ಟಿಯಿಂದ ಹೊರಗೆ. ಅವು ಹೋದರೆ ಎಲ್ಲರಿಗೂ ಒಟ್ಟಿಗೆ ಹೋಗಬೇಕು. ಆದರೂ ನಿದ್ದೆಯ ಸೆಟ್ಟಿಂಗ್ ‘ನೆವರ್’ ಇದೆಯಾ, ಡಿವೈಸ್ ಮ್ಯಾನೇಜರಲ್ಲಿ ಲ್ಯಾನ್ ಕಾರ್ಡಿನ ಪವರ್ ಉಳಿಸೋ ಟಿಕ್ ತೆಗೆದಿದೆಯಾ ನೋಡಿದೆ, ತೆಗೆದಿದ್ದರು. ಸರ್ವರ್ ಅಂತ ಕರೆಯೋ ಪೆಟ್ಟಿಗೆಯಲ್ಲಿ ಇರೋದು ವಿಂಡೋಸ್ 10 ಪ್ರೊ. ಅದು ಒಟ್ಟಿಗೆ 20 ಯಂತ್ರಕ್ಕಿಂತ ಹೆಚ್ಚು ಸೇರಿಸಿಕೊಳ್ಳಲ್ಲ. ಇಲ್ಲಿರೋದು 11. ಅಲ್ಲದೆ ಆ ಮಿತಿ ಮುಟ್ಟಿದರೆ ಹೊಸದಾಗಿ ಬಂದವರನ್ನ ಬಾಗಿಲಲ್ಲೇ ತಡೆಯುತ್ತೆ, ಒಳಗಿದ್ದವರನ್ನ ಎಬ್ಬಿಸಲ್ಲ.

ಮಂಜುವಿನ ಟೇಬಲ್ಲಲ್ಲಿ ನಿಲ್ಲದೆ ಕೇಳುತ್ತಲೇ ಇರೋ ಪಿಂಗ್ ಮೈನಸ್ ಟಿ ಹಾಕಿ, ಸರ್ವರಿನ ಐಪಿ ಅಡ್ರೆಸ್ 192.168.1.50ಕ್ಕೆ, ಹಾಗೇ ಬಿಟ್ಟೆ. ಪಿಂಗಲ್ಲಿ ಎಲ್ಲರೂ ನೋಡೋದು ‘ರಿಪ್ಲೈ’ ಅನ್ನೋ ಪದ ಒಂದನ್ನೇ. ಸಾಲಿನ ಕೊನೆಗೆ ಟಿಟಿಎಲ್ ಅಂತ ಒಂದು ಅಂಕಿ ಇರುತ್ತೆ, ಅದನ್ನ ಯಾರೂ ನೋಡಲ್ಲ. ಒಂದೇ ಆಫೀಸಿನೊಳಗೆ, ನಡುವೆ ರೂಟರ್ ಇಲ್ಲದಿದ್ದಾಗ, ವಿಂಡೋಸ್ ಯಂತ್ರ ಉತ್ತರ ಕೊಟ್ಟರೆ ಟಿಟಿಎಲ್ 128. ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಕೊಟ್ಟರೆ 64. ಪರದೆಯಲ್ಲಿ ಸಾಲುಸಾಲು: 1 ಮಿಲಿಸೆಕೆಂಡಿಗೆ ಒಳಗೆ, ಟಿಟಿಎಲ್ 128. ಮತ್ತೆ 128. ಮತ್ತೆ 128. ಆಮೇಲೆ ಒಂದು ಸಾಲು 70 ಮಿಲಿಸೆಕೆಂಡು, ಟಿಟಿಎಲ್ 64. ಅದರ ಕೆಳಗೂ 64. ಅಷ್ಟರಲ್ಲಿ ಮಂಜು “ಹೋಯ್ತು” ಅಂದ.

ಪಿಂಗಿಗೆ ಉತ್ತರ ಕೊಡುತ್ತಿದ್ದದ್ದು ಸರ್ವರ್ ಅಲ್ಲ. ಯಾರದೋ ಫೋನು.

ಆಗ ಇನ್ನೇನೂ ಮುಟ್ಟದೆ ಎಆರ್‌ಪಿ ಮೈನಸ್ ಎ, ಆ ಪಟ್ಟಿ ತೋರಿಸೋ ಕಮಾಂಡು. 50ರ ಎದುರಿಗೆ ಇದ್ದ ಮ್ಯಾಕ್ ಅಡ್ರೆಸ್ಸು, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್ರು, ಸರ್ವರಿನದ್ದಲ್ಲ. ಮ್ಯಾಕ್ ಅಡ್ರೆಸ್ಸಿನ ಎರಡನೇ ಅಕ್ಷರ 2, 6, ಎ, ಇ ಈ ನಾಲ್ಕರಲ್ಲಿ ಒಂದಾಗಿದ್ದರೆ ಅದು ಕಂಪನಿ ಕೊಟ್ಟದ್ದಲ್ಲ, ಯಂತ್ರ ತಾನೇ ಹುಟ್ಟಿಸಿಕೊಂಡದ್ದು. ಆಂಡ್ರಾಯ್ಡ್ 10ರಿಂದ, ಐಒಎಸ್ 14ರಿಂದ ಫೋನುಗಳು ವೈಫೈಗೆ ಹೀಗೆ ಮಾಡಿಕೊಂಡ ಅಡ್ರೆಸ್ಸನ್ನೇ ತೋರಿಸೋದು. ಇಲ್ಲಿ ಎರಡನೇ ಅಕ್ಷರ ಎ. ಸರ್ವರಿನ ಈವೆಂಟ್ ವ್ಯೂವರಲ್ಲಿ, ಸಿಸ್ಟಂ ವಿಭಾಗದಲ್ಲಿ, ಟಿಸಿಪಿಐಪಿ ಹೆಸರಲ್ಲಿ 4199ನೇ ನಂಬರಿನ ದೂರು ಸಾಲಾಗಿ ಬಿದ್ದಿತ್ತು. ಅಡ್ರೆಸ್ ಇಬ್ಬರಿಗಾಗಿದೆ ಅಂತ ಅದರಲ್ಲೇ ಬರೆದಿರುತ್ತೆ, ಇನ್ನೊಬ್ಬರ ಮ್ಯಾಕ್ ಸಮೇತ. ಯಾರೂ ತೆರೆದು ನೋಡಿರಲಿಲ್ಲ.

ಆದದ್ದು ಇಷ್ಟು. ಸರ್ವರಿಗೆ ಕೈಯಿಂದ 50 ಅಂತ ಕೊಟ್ಟಿದ್ದಾರೆ. ಬಂದ ಯಂತ್ರಕ್ಕೆಲ್ಲಾ ತಾನೇ ನಂಬರ್ ಹಂಚೋ ರೂಟರಿನ ಡಿಎಚ್‌ಸಿಪಿ ಮಾತ್ರ 2ರಿಂದ 254ರವರೆಗೆ ಪೂರ್ತಿ ಹಂಚೋಕೆ ಕೂತಿದೆ. 50 ಬೇರೆಯವರದ್ದು ಅಂತ ಅದಕ್ಕೆ ಹೇಳಿದವರಿಲ್ಲ. ಸಂಜೆ ಸರ್ವರ್ ಆಫ್ ಮಾಡಿ ಹೋಗುತ್ತಾರೆ. ಬೆಳಿಗ್ಗೆ ಸರ್ವರ್ ಏಳೋ ಮೊದಲೇ ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಹುಡುಗರು ಬಂದಿರುತ್ತಾರೆ, ವೈಫೈ ಹಿಡಿಯುತ್ತೆ, ಒಬ್ಬನಿಗೆ 50 ಸಿಗುತ್ತೆ. ಆಮೇಲೆ ಸರ್ವರ್ ಎದ್ದು “50 ಯಾರದಾದರೂ ಇದೆಯಾ” ಅಂತ ಕೇಳುತ್ತೆ. ಜೇಬಲ್ಲಿ ಸ್ಕ್ರೀನ್ ಆರಿದ ಫೋನು ಆ ಕ್ಷಣಕ್ಕೆ ಉತ್ತರ ಕೊಡದಿದ್ದರೆ, ಖಾಲಿ ಅಂದುಕೊಂಡು ಕೂತುಬಿಡುತ್ತೆ. ಉತ್ತರ ಕೊಟ್ಟರೆ ಸರ್ವರೇ ಹಿಂದೆ ಸರಿದು 169.254ರಿಂದ ಶುರುವಾಗೋ ಅಡ್ರೆಸ್ ಹಾಕಿಕೊಳ್ಳುತ್ತೆ, ಆ ದಿನ ಯಾರಿಗೂ ಬರಲ್ಲ, ರೀಸ್ಟಾರ್ಟ್ ಮಾಡಿದರೆ ‘ಸರಿಯಾಯ್ತು’.

ಪಕ್ಕದ ಟೇಬಲ್‌ಗೆ ಬಂದು ನಮಗೆ ಬಾರದಿರೋದಕ್ಕೂ ಕಾರಣ ಇದೇ. ವಿಂಡೋಸ್ ತನ್ನ ಎಆರ್‌ಪಿ ನೆನಪನ್ನ 15ರಿಂದ 45 ಸೆಕೆಂಡಿನೊಳಗೆ ಹಳತು ಅಂತ ಎಣಿಸಿ ಮತ್ತೆ ವಿಚಾರಿಸುತ್ತೆ, ಪ್ರತಿ ಯಂತ್ರಕ್ಕೂ ಆ ಗಡುವು ಬೇರೆ. ಯಾರು ವಿಚಾರಿಸಿದಾಗ ಫೋನ್ ಎಚ್ಚರವಿತ್ತೋ ಅವರು ಫೋನಿನ ಕಡೆ ಹೋದರು, ಉಳಿದವರು ಸರ್ವರಿನ ಕಡೆ. ಹುಡುಗ ಆಡಿಟ್ಟಿಗೆ ಹೊರಗೆ ಹೋದರೆ ಆಫೀಸೆಲ್ಲಾ ಗುಣ. ಭಾನುವಾರದ ಬೆನ್ನಿಗೇ ನಿನ್ನೆ ರಜೆ, ಸರ್ವರ್ ಎರಡು ದಿನ ಆಫ್. ಇವತ್ತು ಅದಕ್ಕೇ ಜೋರು.

ಹುಡುಗನಿಗೆ ಹೇಳಿದರೆ ಪಾಪ ಹೆದರಿಬಿಟ್ಟ. “ಸಾರ್, ನಾನೇನೂ ಹ್ಯಾಕ್ ಮಾಡಿಲ್ಲ ಸಾರ್.” ನಿಂದಲ್ಲಪ್ಪಾ ತಪ್ಪು, ರೂಟರ್ ಕೊಟ್ಟಿದ್ದನ್ನ ನಿನ್ನ ಫೋನ್ ತಗೊಂಡಿದೆ ಅಷ್ಟೇ.

ಸರ್ವರಿನ ನಂಬರ್ ಬದಲಿಸಬಾರದು, ಮುಟ್ಟಿದರೆ 11 ಟೇಬಲ್ಲಿನ ಡ್ರೈವು, ಟ್ಯಾಲಿಯ ಡೇಟಾ ಪಾತು ಎಲ್ಲಾ ತಿದ್ದಬೇಕು, 3ಬಿ ವಾರದಲ್ಲಿ ಅದು ಬೇಡ. ಹಂಚೋ ಪಟ್ಟಿಯನ್ನೇ ಕಿರಿದು ಮಾಡೋದು. ಮಾಡಿದ ಮೇಲೆ ಒಂದು ವಿಷಯ ಮರೆಯಬಾರದು: ಈಗಾಗಲೇ 50 ಹಿಡಿದಿರೋ ಫೋನು ತನ್ನ ಗಡುವಿನವರೆಗೆ ಅದನ್ನ ಬಿಡಲ್ಲ. ಫೋನಲ್ಲಿ ವೈಫೈ ‘ಫರ್ಗೆಟ್’ ಮಾಡಿಸಿ, ರೂಟರ್ ಆಫ್ ಆನ್ ಮಾಡಿ, ಆಮೇಲೆ ಮತ್ತೆ ಸೇರಿಸಬೇಕು. ಇನ್ನೂ ಒಳ್ಳೆಯದು ಫೋನುಗಳಿಗೆ ಗೆಸ್ಟ್ ವೈಫೈ ಬೇರೆ ಮಾಡೋದು. ಆಡಿಟರ್ ಸಾರ್ “ಆಮೇಲೆ ನೋಡೋಣ” ಅಂದರು. ಆಮೇಲೆ ಅಂದರೆ ಇನ್ನೊಂದು ಸಲ ಕೆಟ್ಟಾಗ.

ಖಚಿತ ಮಾಡಿಕೊಳ್ಳೋಕೆ ಪಿಂಗ್ ಸಾಲದು ಅಂತ ಮಂಜುಗೂ ತೋರಿಸಿಕೊಟ್ಟೆ. ಪವರ್‌ಶೆಲ್ಲಲ್ಲಿ ಟೆಸ್ಟ್ ನೆಟ್‌ಕನೆಕ್ಷನ್, ಪೋರ್ಟ್ 445. ಫೈಲ್ ಶೇರಿಂಗಿನ ಬಾಗಿಲು ಅದು. ಪಿಂಗ್ ಬಂದು 445 ಬರದಿದ್ದರೆ ಎದುರಿಗಿರೋದು ಸರ್ವರೇನಾ ಅಂತ ಮೊದಲು ಅನುಮಾನಪಡಬೇಕು.

ಮೂಲೆ ಟೇಬಲ್ಲು. ಬ್ಯಾಕಪ್ ಹಾಕುವಾಗ ಮಾತ್ರ ಅಂದರೆ ವೈರು. 32 ಬೈಟಿನ ಮಾಮೂಲಿ ಪಿಂಗ್ ಅಲ್ಲಿ ಸಲೀಸಾಗಿ ಹೋಗಿಬರುತ್ತಿತ್ತು. ಮೈನಸ್ ಎಲ್ 8000, ಅಂದರೆ 8000 ಬೈಟಿನ ಪಿಂಗ್, ಕೊಟ್ಟೆ. ಅಷ್ಟು ದೊಡ್ಡದು ಆರು ತುಂಡಾಗಿ ಹೋಗುತ್ತೆ, ಒಂದು ತುಂಡು ಕೆಟ್ಟರೂ ಪೂರ್ತಿ ಹೋದಂತೆ ಲೆಕ್ಕ, ಹಾಗಾಗಿ ಸಣ್ಣ ದೋಷವೂ ಎದ್ದು ಕಾಣುತ್ತೆ. ಟೈಮ್‌ಔಟ್ ಬೀಳೋಕೆ ಶುರು. ವೈರ್ ಎಳೆದವರು ಟೆಸ್ಟರ್ ಹಾಕಿ ‘ಎಂಟೂ ಲೈಟ್ ಹತ್ತಿದೆ’ ಅಂತ ಹೇಳಿ ಹೋಗಿದ್ದರಂತೆ. ಹತ್ತೇ ಹತ್ತುತ್ತೆ. ಆ ಟೆಸ್ಟರ್ ನೋಡೋದು ಒಂದು ತುದಿಯ 3ನೇ ಪಿನ್ನು ಇನ್ನೊಂದು ತುದಿಯ 3ಕ್ಕೆ ಸೇರಿದೆಯಾ ಅಂತ ಮಾತ್ರ.

ಪ್ಲಗ್ ಬೆಳಕಿಗೆ ಹಿಡಿದರೆ ಬಣ್ಣ ಸಾಲಾಗಿ ಕೂತಿವೆ: ಆರೆಂಜ್ ವೈಟ್, ಆರೆಂಜ್, ಗ್ರೀನ್ ವೈಟ್, ಗ್ರೀನ್, ಬ್ಲೂ ವೈಟ್, ಬ್ಲೂ, ಬ್ರೌನ್ ವೈಟ್, ಬ್ರೌನ್. ನೋಡೋಕೆ ಅಚ್ಚುಕಟ್ಟು. ಎರಡೂ ತುದಿಗೆ ಹಾಗೇ ಹಾಕಿದ್ದರಿಂದ ಟೆಸ್ಟರ್ ಪಾಸು. ಆದರೆ 3 ಮತ್ತು 6ನೇ ಪಿನ್ನು ಒಂದೇ ಜೋಡಿ, ಒಂದಕ್ಕೊಂದು ಹೆಣೆದ ಎರಡು ಎಳೆ ಅಲ್ಲಿರಬೇಕು. ಇಲ್ಲಿ 3ರಲ್ಲಿ ಗ್ರೀನ್ ವೈಟ್, 6ರಲ್ಲಿ ಬ್ಲೂ. ಹೆಣೆದ ಎಳೆಗಳು ಹೊರಗಿನ ಗದ್ದಲವನ್ನ ತಮ್ಮತಮ್ಮಲ್ಲೇ ಕಳೆದುಕೊಳ್ಳುತ್ತವೆ. ಜೋಡಿ ಒಡೆದರೆ ಆ ರಕ್ಷಣೆ ಇಲ್ಲ. ಗಿಡ್ಡ ವೈರಾದರೆ ಹೇಗೋ ನಡೆಯುತ್ತೆ. ಮೂಲೆ ಟೇಬಲ್‌ಗೆ ಹೋದದ್ದು ಸೀಲಿಂಗ್ ಮೇಲಿಂದ ಬಳಸಿ, ಟ್ಯೂಬ್‌ಲೈಟಿನ ವೈರಿನ ಪಕ್ಕದಲ್ಲೇ.

ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್: ಆರೆಂಜ್ ವೈಟ್, ಆರೆಂಜ್, ಗ್ರೀನ್ ವೈಟ್, ಬ್ಲೂ, ಬ್ಲೂ ವೈಟ್, ಗ್ರೀನ್, ಬ್ರೌನ್ ವೈಟ್, ಬ್ರೌನ್. ಹೆಣಿಗೆ ಬಿಚ್ಚೋದು ಅರ್ಧ ಇಂಚಿಗಿಂತ ಹೆಚ್ಚಾಗಬಾರದು, ಹೊರಗಿನ ಸಿಪ್ಪೆ ಪ್ಲಗ್ಗಿನೊಳಗೆ ಕಚ್ಚಿಕೊಳ್ಳಬೇಕು. ಕತ್ತರಿಸಿದ ಎಳೆಯನ್ನ ಉಗುರಲ್ಲಿ ಕೆರೆದರೆ ಒಳಗೆ ಬೆಳ್ಳಗಿತ್ತು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಎರಡು ಸಲ ಬಗ್ಗಿಸಿದರೆ ಮುರಿಯೋ ಜಾತಿ, ಸದ್ಯಕ್ಕೆ ನಡೆಯುತ್ತೆ. 8000 ಪಿಂಗ್ ಈಗ ಒಂದೂ ಬೀಳದೆ ಓಡುತ್ತಿದೆ.

ಇನ್ನು ಆ ಹಂಚೋ ಪಟ್ಟಿ. ಎಲ್ಲರೂ 100ರಿಂದ 199 ಅಂತ ಕೊಡೋದು ರೂಢಿ. ಆದರೆ ಕ್ಯಾಮೆರಾದ ರೆಕಾರ್ಡರ್ (ಡಿವಿಆರ್) ದಾಹುವಾ ಕಂಪನಿಯದ್ದು, ಪೆಟ್ಟಿಗೆಯಿಂದ ಬರುವಾಗಲೇ 192.168.1.108 ಅಂತ ಬಂದಿರುತ್ತೆ, ಇಲ್ಲೂ ಹಾಗೇ ಇದೆ. ಅದಕ್ಕೇ 120ರಿಂದ 220 ಕೊಟ್ಟಿದ್ದೇನೆ. ಪ್ರಿಂಟರ್ 60, ಸರಿ. ಹಾಜರಿಯ ಬೆರಳಚ್ಚು ಮೆಷಿನ್ ಯಾವ ನಂಬರಲ್ಲಿ ಕೂತಿದೆಯೋ ಯಾರಿಗೂ ಗೊತ್ತಿಲ್ಲ, ಮೆನು ತೆರೆಯೋಕೆ ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಹಾಕಿಕೊಟ್ಟವರ ಹತ್ತಿರ ಇದೆ, ಅವರು ಫೋನ್ ಎತ್ತಲ್ಲ. ಬೆಳಿಗ್ಗೆ ಬೇರೆ ಯಾರೂ ಬರೋ ಮೊದಲು ಸರ್ವರಿಂದ 1ರಿಂದ 254ರವರೆಗೆ ಒಂದು ಸುತ್ತು ಪಿಂಗ್ ಓಡಿಸಿ ಎಆರ್‌ಪಿ ಪಟ್ಟಿ ತೆಗೆದರೆ ಸಿಗಬೇಕು, ಅದೇನಾದರೂ 120ರ ಮೇಲೆ ಇದ್ದರೆ ಮಾತ್ರ ಹಂಚೋ ಪಟ್ಟಿಯನ್ನ ಮತ್ತೆ ತಿದ್ದಬೇಕು.